ಸಿಟ್ಟಿನ ಅತ್ತೆ ಮತ್ತು ಐದು ಬದನೆಕಾಯಿ

ನಮ್ಮ ಅತ್ತೆಗೆ ದಿನಕ್ಕೆ ಮೂರು ಸಲ ಸಿಟ್ಟು ಬರುತ್ತಿತ್ತು ಎಂದರೆ ನಾನು ಸುಳ್ಳುಗಾರ್ತಿಯಾಗುತ್ತೇನೆ. ಬಂದು ಹೋಗಲು ಸಿಟ್ಟೇನು ನೆಂಟನೇ? ಅದು ಅವಳಲ್ಲೇ ಠಿಕಾಣಿ ಹೂಡಿತ್ತು!

ಆಗ ನಿಜಾಮರ ಆಳ್ವಿಕೆ. ಅಪ್ಪನ ಅಕ್ಕನಾದ ಈ ಅತ್ತೆ ಗಂಡ ಸತ್ತ ಮೇಲೆ ಚಿತ್ತಾಪುರದ ನಮ್ಮ ಮನೆಗೆ ಬಂದಿದ್ದಳು. ನನಗೆ ಏಳು ವರ್ಷ. ಶಾಲೆಯಲ್ಲಿ ಪಾಠವೆಲ್ಲ ಉರ್ದು, ನನಗೆ ಗೊತ್ತಿದ್ದದ್ದು ಕನ್ನಡ ಮಾತ್ರ. ಮಗ್ಗಿಯನ್ನು ಗಿಳಿಯಂತೆ ಒಪ್ಪಿಸುತ್ತಿದ್ದೆ; "ಪಾಂಚ್" ಅಂದರೆ ಎಷ್ಟು ಬೆರಳು ಎಂದರೆ ಸೂರು ನೋಡುತ್ತಿದ್ದೆ. ಕೊನೆಗೆ ಮಾಸ್ತರರು ಅಪ್ಪನಿಗೆ ಹೇಳಿಬಿಟ್ಟರು: "ಈಕೀಗಿ ದಿಮಾಕ್ ಇಲ್ರಿ, ತಲ್ಯಾಗ ಏನೂ ಇಳಿಯಂಗಿಲ್ಲ. ಮನ್ಯಾಗ ಸೆಗಣಿ ಕುಳ್ಳ ತಟ್ಟಲಿಕ್ಕಿ ಹಚ್ರಿ."

ಅಪ್ಪ ಆಗಲಿ ಎಂದು ತಲೆಯಾಡಿಸಿ ಶಾಲೆ ಬಿಡಿಸಿದ. ಅತ್ತೆ ಸೆರಗು ಬಿಗಿದು ಶಾಲೆಗೇ ನುಗ್ಗಿದಳು.

"ತಿಳೀಲಾರದ ಮಾತಿನಾಗ ಕಲಿಸಿ, ಪೋರೀನ ದಡ್ಡಿ ಅಂತೀರೇನ್ರಿ? ನಾ ನಿಮಗ ತೆಲುಗಿನಾಗ ಬೈತೀನಿ, ತಿಳೀತದೇನು ನೋಡ್ರಿ!"

ಬೈದೇಬಿಟ್ಟಳು! ಸೇಡಂ ಕಡೆ ಬಾಳಿದವಳು, ತೆಲುಗು ಬಾಯಲ್ಲೇ ಇತ್ತು. ಮಾಸ್ತರರು ಕಣ್ಣು ಕಣ್ಣು ಬಿಟ್ಟರು.

"ಈಗ ಹೇಳ್ರಿ, ಯಾರಿಗಿ ದಿಮಾಕ್ ಇಲ್ಲ?"

ಮರುದಿನದಿಂದ ಅಡುಗೆಮನೆಯೇ ಶಾಲೆ, ಕನ್ನಡ ಓದು ಬರಹ ಬಲ್ಲ ಅತ್ತೆಯೇ ಮಾಸ್ತರು. ನೆಲದ ಶಹಾಬಾದ್ ಕಲ್ಲೇ ಪಾಟಿ, ಇದ್ದಿಲೇ ಬಳಪ. ಓದು ಬೇರೆ, ಲೆಕ್ಕ ಬೇರೆ ಎಂಬುದನ್ನು ಅತ್ತೆ ಒಪ್ಪುತ್ತಿರಲಿಲ್ಲ. ನಾನು ಎಣಿಸಿ, "ಐದು ಬದನೆಕಾಯಿ" ಎಂದು ಬರೆಯಬೇಕು. ಆಕೆ ಎರಡನ್ನು ಹೆಚ್ಚಿದ ಮೇಲೆ ಉಳಿದದ್ದನ್ನು ಮತ್ತೆ ಬರೆಯಬೇಕು. ತಪ್ಪಿದರೆ ಬೈಗುಳ. ಸರಿಯಾದರೂ ಬೈಗುಳ: "ಇದಕ್ಕ ಇಷ್ಟೊತ್ತ ಬೇಕೇನ?" ನನಗೂ ರೇಗಿತು. ಒಂದು ದಿನ ಬೇಕೆಂದೇ "ಒಬ್ಬಾಕಿ ಕೆಟ್ಟ ಅತ್ತಿ" ಎಂದು ಬರೆದೆ.

ಅತ್ತೆ ಓದಿದಳು. "ಒತ್ತಕ್ಷರ ಸರಿ ಅದಾವ. ಲೆಕ್ಕನೂ ಸರಿ ಅದ," ಎಂದು ಕಿವಿ ಹಿಂಡಿದಳು!

ಇನ್ನೊಮ್ಮೆ ವಾಡಿ ಸ್ಟೇಶನ್ನಿನಲ್ಲಿ ಮಾಲುಗಾಡಿಯ ಡಬ್ಬಿ ಎಣಿಸಲು ಹಚ್ಚಿದಳು. ಮೂವತ್ತೆಂಟಕ್ಕೆ ತಪ್ಪಿದೆ, ಮೊದಲಿನಿಂದ ಎಣಿಸು ಎಂದಳು. ಅಷ್ಟರಲ್ಲಿ ಚಿತ್ತಾಪುರದ ನಮ್ಮ ಗಾಡಿ ಹೊರಟೇಹೋಯಿತು. ಬೈಗುಳ ತಿಂದವರು ಸ್ಟೇಶನ್ ಮಾಸ್ತರರು: "ಪೋರಿ ಎಣಸಲಿಕತ್ತದ, ಕಾಣಲ್ಲೇನ್ರಿ? ಗಾಡಿ ನಿಲ್ಲಸಲಿಕ್ಕಿ ಏನ್ ಧಾಡಿ?"

ಕೆಲವು ತಿಂಗಳ ನಂತರ ಚಿಂಚೋಳಿಯಿಂದ ತಾಯಿಯ ಕಡೆಯ ಅಜ್ಜನ ಕಾಗದ ಬಂತು. ನಾನು ಅದನ್ನು ಗಡಗಡ ಓದಿ, ಅಜ್ಜ ಬರಲು ಇನ್ನು ಹನ್ನೊಂದು ದಿನ ಎಂದು ಬೆರಳು ಮಡಿಸಿ ಹೇಳಿದೆ. ಅಪ್ಪ ಬಾಯಿ ತೆರೆದು ನಿಂತ. ಮರುದಿನವೇ ನನ್ನನ್ನು ಮತ್ತೆ ಶಾಲೆಗೆ ಕಳಿಸಿದ. ಮಾಸ್ತರರು ನನ್ನಿಂದ ಕನ್ನಡದಲ್ಲಿ ಓದಿಸಿ, ಲೆಕ್ಕ ಮಾಡಿಸಿ ನೋಡಿ, "ಯಾರು ಕಲಿಸ್ಯಾರ?" ಎಂದರು.

"ಅತ್ತಿ."

"ಹೆಸರೇನು?"

ನನಗೆ ಗೊತ್ತಿರಲಿಲ್ಲ. ಮನೆಗೆ ಓಡಿಬಂದು ಅತ್ತೆಯನ್ನೇ ಕೇಳಿದೆ.

"ಹೆಸರ ತಗೊಂಡ್ ಏನ್ ಮಾಡ್ತೀ?" ಎಂದು ಗದರಿದಳು. ಆಮೇಲೆ, ಬೇರೆ ಯಾರದೋ ಹೆಸರು ಎಂಬಂತೆ, ಮೆಲ್ಲಗೆ ಹೇಳಿದಳು. ನಾನು ಕಲ್ಲಿನ ಮೇಲೆ ಬರೆದೆ. ಅತ್ತೆ ಬಗ್ಗಿ ನೋಡಿದಳು.

"ನಮ್ಮವ್ವ ಸತ್ತ ಮ್ಯಾಲ ಯಾರೂ ಕರದಿಲ್ಲ ನೋಡವ್ವ."

ಅಂದು ಸಂಜೆ ನೆಲ ಒರೆಸುವಾಗ ಆ ಒಂದು ಕಲ್ಲನ್ನು ಬಿಟ್ಟು ಒರೆಸಿದಳು.