ಕಟ್ಟೆ ಮಸೂದೆ

ಎರ್ರಿಸ್ವಾಮಿಯ ಸಂಸಾರಕ್ಕೆ ಕುತ್ತು ಬಂದದ್ದು ಬೆಳ್ಳುಳ್ಳಿ ಒಗ್ಗರಣೆಯಿಂದ. ಹೆಂಡತಿ ಸುವರ್ಣಮ್ಮ ಒಳಗೆ ಒಗ್ಗರಣೆ ಹಾಕಿದರೆ ಅದರ ಘಮ ಕಿಟಕಿ ದಾಟಿ, ಮನೆಯ ಮುಂದಿನ ಕಟ್ಟೆಯ ಮೇಲೆ ಕೂತ ಹತ್ತು ಹನ್ನೆರಡು ಮಂದಿ ಯಜಮಾನರ ಮೂಗಿಗೆ ಹೋಗುತ್ತಿತ್ತು. ಮೂಸಿ ಸುಮ್ಮನಿದ್ದಿದ್ದರೆ ಚಿಂತೆಯಿರಲಿಲ್ಲ. ಅವರು ಅದರ ಮೇಲೆ ಚರ್ಚೆ ನಡೆಸುತ್ತಿದ್ದರು. ಕಾರಹುಣ್ಣಿಮೆಯ ಹಿಂದಿನ ದಿನ ‘ಈ ಮನೆಯಲ್ಲಿ ಬೆಳ್ಳುಳ್ಳಿಯ ಬಳಕೆ ಮಿತಿ ಮೀರಿದೆ’ ಎಂದು ಒಂದು ಠರಾವು ಅವಿರೋಧವಾಗಿ ಪಾಸಾಯಿತು. ಕಿಟಕಿಯಲ್ಲಿ ನಿಂತು ಅದನ್ನು ಕೇಳಿಸಿಕೊಂಡ ಸುವರ್ಣಮ್ಮ ಸೌಟು ಕೆಳಗಿಟ್ಟಳು, ಸೀರೆ ಗಂಟು ಕಟ್ಟಿದಳು, ಹಚ್ಚೊಳ್ಳಿಯ ತವರಿಗೆ ಹೊರಟೇಹೋದಳು.

ಇದು ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಓಣಿಯಲ್ಲಿ, ಸಾವಿರದ ಒಂಬೈನೂರ ಐವತ್ತೆರಡರ ಬೇಸಿಗೆಯಲ್ಲಿ ನಡೆದ ಸಂಗತಿ. ದೇಶಕ್ಕೆಲ್ಲ ಮೊದಲ ಚುನಾವಣೆ ಮುಗಿದು ದಿಲ್ಲಿಯಲ್ಲಿ, ಮದರಾಸಿನಲ್ಲಿ ಸಭೆಗಳು ಕೂತಿದ್ದವು. ಓಣಿಯ ಹಿರಿಯರಾದ ತಿಪ್ಪೇರುದ್ರಪ್ಪನವರು ಹತ್ತಿ ವ್ಯಾಪಾರದ ಕೆಲಸಕ್ಕೆಂದು ಮದರಾಸಿಗೆ ಹೋದವರು, ಬಿಸಿಲು ತಾಳಲಾರದೆ ಶಾಸನಸಭೆಯ ಗ್ಯಾಲರಿ ಹೊಕ್ಕು, ಫ್ಯಾನಿನ ಕೆಳಗೆ ಒಂದಿಡೀ ದಿನ ಕೂತು ಬಂದಿದ್ದರು. ಅರ್ಧ ದಿನ ನಿದ್ದೆ ಮಾಡಿದ್ದರೆಂದು ಅವರ ಹೆಂಡತಿ ದೊಡ್ಡಬಸಮ್ಮ ಹೇಳುತ್ತಾಳೆ. ಅದೇನೇ ಇರಲಿ, ಬಂದವರೇ ಎತ್ತಿನ ಕೊರಳ ಗಂಟೆಯೊಂದನ್ನು ಕೈಲಿ ಹಿಡಿದು, ಎರ್ರಿಸ್ವಾಮಿಯ ಕಟ್ಟೆಯ ನಟ್ಟನಡುವೆ ಕೂತು, ತಾವು ಸ್ಪೀಕರ್ ಎಂದೂ, ಓಣಿಯಲ್ಲಿರುವ ಇಪ್ಪತ್ತೊಂದು ತುಂಬಿದವರೆಲ್ಲ ಸದಸ್ಯರೆಂದೂ ಸಾರಿಬಿಟ್ಟರು.

ಆ ಕಟ್ಟೆಯೇ ಯಾಕೆಂದರೆ, ಓಣಿಗೆಲ್ಲ ಇದ್ದ ಒಂದೇ ಬೇವಿನ ಮರ ಅದರ ಮುಂದಿತ್ತು, ಓಣಿಯ ಗಂಡಸರು ಮೊದಲಿನಿಂದಲೂ ಅಲ್ಲೇ ಕೂಡುತ್ತಿದ್ದರು. ಬಳ್ಳಾರಿಯಲ್ಲಿ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ಬೆಳಿಗ್ಗೆ ಮರದ ನೆರಳು ಕಟ್ಟೆಯ ಪಡುವಲ ಕೊನೆಗೆ ಬೀಳುತ್ತಿತ್ತು, ಮಧ್ಯಾಹ್ನದ ಮೇಲೆ ಮೂಡಲ ಕೊನೆಗೆ. ಸಭೆಯ ಸಂಪ್ರದಾಯವೂ ಅದರಂತೆಯೇ ಬೆಳೆದಿತ್ತು. ನೆರಳಲ್ಲಿದ್ದವರು ಸರ್ಕಾರ, ಬಿಸಿಲಲ್ಲಿದ್ದವರು ವಿರೋಧ ಪಕ್ಷ. ಯಾರೂ ಜಾಗ ಬದಲಿಸುವಂತಿಲ್ಲ, ನೆರಳೇ ಬದಲಾಗಬೇಕು. ಹೀಗಾಗಿ ಬ್ರೂಸ್‌ಪೇಟೆಯಲ್ಲಿ ಪ್ರತಿದಿನ ಊಟದ ಹೊತ್ತಿಗೆ ಒಂದು ಸರ್ಕಾರ ಬೀಳುತ್ತಿತ್ತು.

ಎರ್ರಿಸ್ವಾಮಿ ಹತ್ತಿ ಮಂಡಿಯ ಗುಮಾಸ್ತ, ಸಾಧು ಪ್ರಾಣಿ. ಹಿರಿಯರಿಗೆ ‘ಏಳಿ’ ಎನ್ನಲು ಬಾಯಿ ಬಾರದು. ಒಮ್ಮೆ ಉಪಾಯ ಮಾಡಿ ಕಟ್ಟೆಯ ಮೇಲೆ ಕೊಡ ಕೊಡ ನೀರು ಸುರಿದಿದ್ದ. ಕಲ್ಲು ತಣ್ಣಗಾಯಿತೆಂದು ಸಭೆ ಅವನಿಗೆ ಧನ್ಯವಾದ ಸೂಚಿಸಿತು. ಹೆಂಡತಿ ಹೋದಮೇಲೆ ಸೀದ ಅನ್ನ ಉಂಡು ಉಂಡು ಅವನ ಕೆನ್ನೆ ಒಳಗೆ ಹೋಗಿತ್ತು. ಅನ್ನದ ಮಾತು ಬಿಡಿ, ಖಾಲಿ ಮನೆಯಲ್ಲಿ ಅವಳ ಬಳೆ ಸದ್ದಿಲ್ಲದೆ ಅವನ ಜೀವಕ್ಕೆ ಸೊಗಸೇ ಇರಲಿಲ್ಲ.

ಹೀಗಿರುವಾಗ ಶನಿವಾರ ಹಚ್ಚೊಳ್ಳಿ ಕಡೆಯಿಂದ ಬರುವ ಸಿರುಗುಪ್ಪದ ಬಸ್ಸಿನ ಕಂಡಕ್ಟರ್ ಜೋಗಪ್ಪ ಸುದ್ದಿ ತಂದ. “ಸ್ವಾಮಣ್ಣ, ನಾಳಿ ಮಧ್ಯಾಹ್ನದ ಬಸ್ಸಿಗೆ ನಿಮ್ಮ ಮನಿಯವರು ಬರ್ತಾರಂತ. ಆದ್ರ ಕಟ್ಟಿ ಮ್ಯಾಲೆ ಒಂದ ಒಂದು ರುಮಾಲು ಕಂಡ್ರೂ ಜಟಕಾದಿಂದ ಇಳಿಯಾಂಗಿಲ್ಲಂತ. ಹಂಗ ತಿರುಗಿಸಿಕೊಂಡು ಹೋಗಿಬಿಡ್ತಾರಂತ.”

ಭಾನುವಾರ ಬೆಳಿಗ್ಗೆ ಎರ್ರಿಸ್ವಾಮಿ ಕೈಮುಗಿದುಕೊಂಡು ತಿಪ್ಪೇರುದ್ರಪ್ಪನವರ ಮುಂದೆ ನಿಂತ. “ಕಾಕಾ, ಇವತ್ತೊಂದು ದಿನ ಕಟ್ಟಿ ಬಿಟ್ಟು ಕೊಡ್ರಿ. ಸುವರ್ಣ ಬರ್ತಾಳ.”

“ಬಿಟ್ಟು ಕೊಡಾಕ ನಾನ್ಯಾರಪಾ? ನಾನು ಸ್ಪೀಕರ್. ನನಗ ಸ್ವಂತ ಮಾತ ಇಲ್ಲ. ಮಸೂದಿ ತಗೊಂಡು ಬಾ.”

“ಕಟ್ಟಿ ನಮ್ಮಜ್ಜ ಕಟ್ಟಿಸಿದ್ದಲ್ಲೇನ್ರಿ?”

“ಮದರಾಸಿನ ಸಭಾ ಯಾರೋ ಒಬ್ಬ ಗೌಂಡಿ ಕಟ್ಯಾನ. ಅವ ಬಂದು ಏಳ್ರಿ ಅಂದ್ರ ಮಂತ್ರಿಗಳು ಎದ್ದು ಬಿಡ್ತಾರೇನು?”

ಎರ್ರಿಸ್ವಾಮಿ ಮಸೂದೆ ತರುತ್ತೇನೆಂದು ಒಪ್ಪಿಕೊಂಡ. ಅಷ್ಟಕ್ಕೇ ಕಟ್ಟೆಯಲ್ಲೆಲ್ಲ ಹಬ್ಬ ಎದ್ದಿತು. ಅಲ್ಲಿಯವರೆಗೆ ಅವರು ಕೊರಿಯಾದ ಯುದ್ಧ ನಿಲ್ಲಿಸಲು, ಬೆಳ್ಳುಳ್ಳಿ ಕಡಿಮೆ ಮಾಡಲು ಠರಾವು ಮಾಡಿದ್ದರೇ ಹೊರತು ನಿಜವಾದ ಮಸೂದೆಯೊಂದನ್ನು ಕಂಡಿರಲಿಲ್ಲ. ಎಲೆ ಅಡಿಕೆ ಅಂಗಡಿಯ ಚಂದ್ರಣ್ಣ ಪಡುವಲ ಕೊನೆಯ ನಾಯಕ, ಅಂದರೆ ಬೆಳಗಿನ ಸರ್ಕಾರ. ಅವನು ನೆರಳಿನಿಂದ ಕೈ ಚಾಚಿ ಎರ್ರಿಸ್ವಾಮಿಯ ಬೆನ್ನು ತಟ್ಟಿದ. “ಹೆದರಬ್ಯಾಡ. ನಮ್ಮ ಪಕ್ಷ ನಿನ್ನ ಹಿಂದ ಐತಿ. ಕಾಫಿ ಕುಡಿಯೋದ್ರಾಗ ಪಾಸು ಮಾಡ್ತೀವಿ.”

ಸ್ಪೀಕರ್ ಗಂಟೆ ಬಾರಿಸಿದರು. ಎರ್ರಿಸ್ವಾಮಿ ಮುಂದೆ ಬಂದು ಮಸೂದೆ ಮಂಡಿಸಿದ. “ಈ ಕಟ್ಟಿ ಮ್ಯಾಲೆ ಮನಿಯವರನ್ನ ಬಿಟ್ಟು ಬ್ಯಾರೆ ಯಾರೂ ಕೂಡ್ರಬಾರದು.”

“ಮೊದಲ್ನೇ ವಾಚನ ಆತು,” ಎಂದರು ತಿಪ್ಪೇರುದ್ರಪ್ಪ. “ಇನ್ನು ಎರಡನೇದು. ಇದ್ರಾಗ ಒಂದೊಂದು ಮಾತೂ ಬಿಡಿಸಿ ಬಿಡಿಸಿ ನೋಡ್ತೀವಿ, ತಿದ್ದುಪಡಿ ಹಾಕ್ತೀವಿ. ಮೂರನೇದ್ರಾಗ ಓಟು. ವಿರೋಧ ಪಕ್ಷದ ನಾಯಕರು ಮಾತಾಡ್ರಿ.”

ಬಿಸಿಲಿನ ನಾಯಕ ಗಾದೆಪ್ಪ ತಾತ ಹುಟ್ಟಿದ್ದು ಕುರುಗೋಡಿನಲ್ಲಿ. ಊರು ಬಿಟ್ಟು ನಲವತ್ತು ವರ್ಷವಾಗಿದ್ದರೂ ಅವನ ಮಾತು ಇನ್ನೂ ಊರ ಅಗಸೆಬಾಗಿಲು ದಾಟಿರಲಿಲ್ಲ. ತಲೆಯ ಮೇಲೆ ಒದ್ದೆ ವಲ್ಲಿಬಟ್ಟೆ ಹಾಕಿಕೊಂಡು ಎದ್ದ. “ಅಧ್ಯಕ್ಷರ, ನಮ್ಮ ಕುರುಗೋಡಿನ ಗುಡ್ಯಾಗಿನ ಕಲ್ಲಿನ ದೊಡ್ಡಬಸವಣ್ಣನ್ನ ನೋಡ್ರಿ. ಎಷ್ಟು ನೂರು ವರ್ಷದಿಂದ ಕುಂತಾನ! ಇವತ್ತಿಗೂ ಯಾರರೆ ಹೋಗಿ ಏಳಪಾ ಅಂದಾರೇನು? ಕುಂತವರನ್ನ ಎಬ್ಬಿಸೋದು ನಮ್ಮ ಸೀಮಿ ಪದ್ಧತಿ ಅಲ್ಲ!”

ಬಸವಣ್ಣನಿಂದ ಹೊರಟ ಮಾತು ಕುರುಗೋಡಿನ ಬಾವಿಗಳು, ಹೊಲಗಳು, ಸತ್ತುಹೋದ ಎರಡು ಎಮ್ಮೆಗಳನ್ನು ಬಳಸಿಕೊಂಡು ನಡೆಯಿತು. ಎರ್ರಿಸ್ವಾಮಿ ಅವನ ಮುಖ ನೋಡುತ್ತಿರಲಿಲ್ಲ, ನೆರಳು ನೋಡುತ್ತಿದ್ದ. ಅದು ಚಂದ್ರಣ್ಣನ ಮೊಣಕಾಲಿನಿಂದ ಜಾರಿತು. ತೊಡೆಯಿಂದ ಜಾರಿತು. ಸ್ಪೀಕರ್ ಮಡಿಲಿಗೆ ಬಂದು ಒಂದು ಗಳಿಗೆ ವಿಶ್ರಾಂತಿ ತೆಗೆದುಕೊಂಡಿತು. “ತಾತಾ, ಕೈ ಮುಗೀತೀನಿ, ಮುಗಸ್ರಿ!” ಎಂದು ಎರ್ರಿಸ್ವಾಮಿ ಅಂಗಲಾಚಿದ. ಗಾದೆಪ್ಪ ತಾತ ಮೂರನೆಯ ಎಮ್ಮೆಗೆ ಬಂದ. ಅದು ಸಾಯುವ ಹೊತ್ತಿಗೆ ನೆರಳು ಮೂಡಲಿಗೆ ದಾಟಿಯೇಬಿಟ್ಟಿತು.

ಸರ್ಕಾರ ಬಿತ್ತು. ಬೋಳು ತಲೆಗೆ ಬಿಸಿಲು ತಾಕಿದ್ದೇ ತಡ ಚಂದ್ರಣ್ಣ ಚೇಳು ಕುಟುಕಿದವನಂತೆ ಎದ್ದು ಗುಡುಗಿದ. “ಅಧ್ಯಕ್ಷರ! ಇದು ಬಡವರ ಕುತ್ತಿಗಿ ಹಿಸುಕೋ ಮಸೂದಿ! ನಾನು ಖಂಡಿಸ್ತೀನಿ!”

“ಚಂದ್ರಣ್ಣ, ಮುಂಜಾನಿ ನೀವ ನಿನ್ನ ಹಿಂದ ಅದೀನಿ ಅಂದಿದ್ರಿ!”

“ಮುಂಜಾನಿ ನಾನು ನೆರಳಾಗ ಇದ್ದೆ,” ಎಂದ ಚಂದ್ರಣ್ಣ, ಚೂರೂ ನಾಚಿಕೆಯಿಲ್ಲದೆ. “ಬಿಸಿಲಾಗ ಕುಂತವ ವಿರೋಧ ಮಾಡ್ಲೇಬೇಕಪಾ. ಅದು ಧರ್ಮ. ನನ್ನದೊಂದು ತಿದ್ದುಪಡಿ ಐತಿ. ‘ಮನಿಯವರನ್ನ ಬಿಟ್ಟು ಬ್ಯಾರೆ’ ಅನ್ನೋ ಮಾತು ತಗೀರಿ. ಕಾನೂನಿನ ಮುಂದ ಎಲ್ಲಾರೂ ಒಂದ. ನಮಗಿಲ್ಲದ್ದು ಇವನಿಗ್ಯಾಕ?”

“ತಗೀರಿ, ತಗೀರಿ!” ಎಂದ ಎರ್ರಿಸ್ವಾಮಿ. ಬಸ್ಸು ಬರುವ ಹೊತ್ತು ಹತ್ತಿರವಾಗಿತ್ತು. “ನಾನರೆ ಯಾವಾಗ ಕುಂತೀನಿ ಇದರ ಮ್ಯಾಲೆ? ಜಾಗ ಎಲ್ಲಿ ಬಿಟ್ಟೀರಿ?”

ಈಗ ನೆರಳು ಹೊಕ್ಕ ಗಾದೆಪ್ಪ ತಾತನಿಗೆ ಸರ್ಕಾರದ ಗಾಂಭೀರ್ಯ ಬಂದಿತ್ತು. ವಲ್ಲಿ ಹಿಂಡಿ ಹೆಗಲಿಗೆ ಹಾಕಿಕೊಂಡ. “ಮಸೂದಿ ಬ್ಯಾಡ ಅಂತ ಸರ್ಕಾರ ಹೇಳಾಂಗಿಲ್ಲ. ಆದ್ರ ಸಭಾ ಬೀದಿಪಾಲಾಗಬಾರದು. ಬ್ಯಾರೆ ಜಾಗ ಸಿಗೋತನಕ ಸಭಾ ಈ ಮನಿ ಪಡಸಾಲ್ಯಾಗ ಸೇರಬೇಕು. ಇದು ನಮ್ಮ ತಿದ್ದುಪಡಿ.”

“ನಮ್ಮ ಪಡಸಾಲ್ಯಾಗ? ಒಳಗ?” ಎರ್ರಿಸ್ವಾಮಿಯ ದನಿ ಕೀರಲಾಯಿತು.

ತಿಪ್ಪೇರುದ್ರಪ್ಪ ಗಂಟೆ ಅಲ್ಲಾಡಿಸಿದರು. “ಒಪ್ಪಲಿಲ್ಲಂದ್ರ ಮಸೂದಿ ಸಮಿತಿಗೆ ಹೋಕ್ಕತಿ. ಸಮಿತಿಯವರು ಪರಿಶೀಲಿಸಿ ದಸರಾಕ್ಕ ವರದಿ ಕೊಡ್ತಾರ. ಹೆಂಗ ಮಾಡ್ತಿ?”

ಅತ್ತ ದರಿ, ಇತ್ತ ಪುಲಿ. ಎರ್ರಿಸ್ವಾಮಿ ದಸರೆಯವರೆಗಿನ ಸೀದ ಅನ್ನವನ್ನು ಬೆರಳು ಮಡಚಿ ಎಣಿಸಿದ. ಅವಳು ಹೇಳಿದ್ದು ಕಟ್ಟೆಯ ಮೇಲೆ ರುಮಾಲು ಕಾಣಬಾರದೆಂದು ತಾನೆ? ಮೊದಲು ಜಟಕಾದಿಂದ ಇಳಿಯಲಿ, ಮುಂದಿನದು ಮುಂದೆ ನೋಡಿದರಾಯಿತು. “ಒಪ್ಪೀನ್ರಿ,” ಎಂದ.

“ಪರವಾಗಿರೋರು ಹೌದನ್ರಿ!”

“ಹೌದು!” ಎಂದು ಸರ್ಕಾರ ಕೂಗಿತು. ವಿರೋಧ ಪಕ್ಷ ಅದಕ್ಕಿಂತ ಜೋರಾಗಿ ಕೂಗಿತು. ಕಾದ ಕಲ್ಲಿನ ಮೇಲೆ ಕೂತವರಿಗೆ ಪಡಸಾಲೆಯ ತಂಪಿನ ಮುಂದೆ ಧರ್ಮ ನೆನಪಾಗಲಿಲ್ಲ. ಕಾನೂನು ಜಾರಿಗೆ ಬಂತು. ಸದಸ್ಯರು ಚಪ್ಪಲಿ ಕಳೆದು ಸಾಲಾಗಿ ಒಳಗೆ ನಡೆದರು. ಎರ್ರಿಸ್ವಾಮಿ ಚಪ್ಪಲಿಗಳನ್ನು ಮರದ ಹಿಂದೆ ಬಚ್ಚಿಟ್ಟು, ಕಟ್ಟೆ ತೊಳೆದು, ಅದರ ಮೇಲೊಂದು ರಂಗೋಲಿಯನ್ನೂ ಎಳೆದ. ಅದು ಸುವರ್ಣಮ್ಮ ಇಡುವ ರಂಗೋಲಿಯಂತಿರದೆ ಸತ್ತ ಜೇಡದಂತಿತ್ತು. ಮನಸ್ಸು ಮಾತ್ರ ಶುದ್ಧವಾಗಿತ್ತು.

ಜಟಕಾ ಬಂತು. ಸುವರ್ಣಮ್ಮ ಪರದೆ ಸರಿಸಿ ನೋಡಿದಳು. ಖಾಲಿ ಕಟ್ಟೆ, ತೊಳೆದ ಕಲ್ಲು, ಬಾಗಿಲಲ್ಲಿ ಬೆವರಿ ನಿಂತ ಗಂಡ. ಅವಳ ಮುಖ ಅರಳಿತು. ಬುಟ್ಟಿ ಕೆಳಗಿಳಿಸಿ, “ಎಷ್ಟು ಸೊರಗೀರಿ!” ಎಂದಳು. ಎರ್ರಿಸ್ವಾಮಿಗೆ ಅಳುವೇ ಬಂದಂತಾಯಿತು. “ಇಲ್ಲೇ ನೆರಳಾಗ ಒಂದೀಟು ನಿಲ್ಲೋಣ, ಒಳಗ ಸೆಕಿ ಭಾಳ...” ಎಂದು ಅವನು ತಡವರಿಸುವಷ್ಟರಲ್ಲಿ ಅವಳು ಹೊಸ್ತಿಲು ದಾಟಿಯಾಗಿತ್ತು.

ಪಡಸಾಲೆಯ ತುಂಬ ರುಮಾಲುಗಳು. ಗಾದೆಪ್ಪ ತಾತ ಅವಳ ತವರಿನವರು ಹೊಲಿದು ಕೊಟ್ಟ ಕೌದಿಗೆ ಒರಗಿದ್ದ. ಚಂದ್ರಣ್ಣ ಅಡಿಗೆಮನೆಯ ಕಡೆ ಮೂಗು ತಿರುಗಿಸಿ ಕೂತಿದ್ದ. ಎರ್ರಿಸ್ವಾಮಿ ಕಣ್ಣು ಮುಚ್ಚಿಕೊಂಡು ಸಿಡಿಲಿಗಾಗಿ ಕಾದ.

ಸಿಡಿಲು ಬೀಳಲಿಲ್ಲ. ಸುವರ್ಣಮ್ಮ ಸೆರಗು ಹೊದ್ದು ಮೆಲ್ಲಗೆ ಕೇಳಿದಳು. “ಇದೇನ್ರಿ ಮಾವಾರ?”

ತಿಪ್ಪೇರುದ್ರಪ್ಪ ನಡೆದದ್ದನ್ನೆಲ್ಲ ಹೆಮ್ಮೆಯಿಂದ ವಿವರಿಸಿದರು. ಮೂರು ವಾಚನ, ಎರಡು ತಿದ್ದುಪಡಿ, ಅವಿರೋಧ ಓಟು. ಮದರಾಸಿನಲ್ಲೂ ಇಷ್ಟು ಬೇಗ ಆಗುವುದಿಲ್ಲವೆಂದರು.

“ಹಂಗಾರ ಕಟ್ಟಿ ಮ್ಯಾಲೆ ಯಾರೂ ಕೂಡ್ರಾಂಗಿಲ್ಲ?”

“ಯಾರೂ ಕೂಡ್ರಾಂಗಿಲ್ಲವ್ವ. ಕಾನೂನು ಅಂದ್ರ ಕಾನೂನು.”

“ಸಭಾದಾಗ ಸದಸ್ಯರು ಯಾರ್ಯಾರ್ರಿ?”

“ಓಣ್ಯಾಗಿರೋ ಇಪ್ಪತ್ತೊಂದು ತುಂಬಿದವರೆಲ್ಲಾರೂ!” ಎಂದರು ಎದೆ ಉಬ್ಬಿಸಿ.

“ನನಗ ಇಪ್ಪತ್ತೆರಡ್ರಿ. ಮೊನ್ನಿ ಚುನಾವಣ್ಯಾಗ ಓಟೂ ಹಾಕೀನಿ.”

ಸ್ಪೀಕರ್ ಕೆಮ್ಮಿದರು. ಮದರಾಸಿನ ಸಭೆಯಲ್ಲಿ ಸೀರೆ ಉಟ್ಟ ಸದಸ್ಯರನ್ನು ಅವರು ಕಣ್ಣಾರೆ ಕಂಡಿದ್ದರು, ಕಂಡೆನೆಂದು ಇದೇ ಕಟ್ಟೆಯ ಮೇಲೆ ಬಣ್ಣಿಸಿಯೂ ಇದ್ದರು. ಈಗ ನುಂಗುವಂತಿಲ್ಲ, ಉಗುಳುವಂತಿಲ್ಲ. “ಹೌದು... ಹಂಗ ನೋಡಿದ್ರ... ನೀನೂ ಸದಸ್ಯಳ,” ಎಂದರು.

ಸುವರ್ಣಮ್ಮ ಹಿತ್ತಲ ಬಾಗಿಲಿಗೆ ಹೋಗಿ, “ದೊಡ್ಡಬಸಮ್ಮತ್ತೀ! ಎಲ್ಲಾರನ್ನೂ ಕರಕೊಂಡು ಬರ್ರಿ!” ಎಂದು ಕೂಗಿದಳು. ಎರಡು ನಿಮಿಷದಲ್ಲಿ ಓಣಿಯ ಹೆಂಗಸರೆಲ್ಲ ಹಿತ್ತಲಿಂದ ಒಳಗೆ ಬಂದರು. ಮೊರ ಹಿಡಿದವರು, ಕೈಗೆ ಹಿಟ್ಟು ಮೆತ್ತಿದವರು, ಅರ್ಧ ಜಡೆ ಹಾಕಿಕೊಂಡವರು. ಎಲ್ಲರ ಮುಂದೆ ದೊಡ್ಡಬಸಮ್ಮ. ಗಂಡಸರ ಎರಡರಷ್ಟಿದ್ದರು.

“ಅಧ್ಯಕ್ಷರ,” ಎಂದಳು ಸುವರ್ಣಮ್ಮ. “ಈ ಮನಿಗೆ ನಾನು ಬಂದು ವರ್ಷ ಆತು. ಮನಿ ಮುಂದಿನ ಈ ಗಂಡಸರ ಸಾಲು ದಾಟಿ ಒಬ್ಬಾಕಿ ಹೆಣ್ಮಗಳು ನನ್ನ ಪಡಸಾಲಿಗೆ ಬಂದು ಕುಂತಿಲ್ಲ. ನನ್ನದೊಂದು ತಿದ್ದುಪಡಿ ಐತಿ. ಪಡಸಾಲ್ಯಾಗ ಹೆಣ್ಮಕ್ಕಳ ಸಭಾ ಸೇರಬೇಕು. ಗಂಡಸರು ಹೊರಗಿರಬೇಕು.”

“ಅನುಮೋದಿಸೀನಿ!” ಎಂದು ದೊಡ್ಡಬಸಮ್ಮ ಮೊರ ಬಡಿದಳು. ಗಂಡನ ಬಾಯಿಂದ ದಿನಾ ಕೇಳಿ ಅವಳಿಗೆ ಎಲ್ಲ ಬಾಯಿಪಾಠವಾಗಿತ್ತು.

“ಇದು... ಇದು ಸಮಿತಿಗೆ...” ಎಂದರು ತಿಪ್ಪೇರುದ್ರಪ್ಪ.

“ಸಮಿತಿಗೆ ಹೋದ್ರ ರಾತ್ರಿ ರೊಟ್ಟಿನೂ ಸಮಿತಿಗೆ ಹೋಕ್ಕತಿ,” ಎಂದಳು ದೊಡ್ಡಬಸಮ್ಮ. “ಓಟಿಗೆ ಹಾಕ್ರಿ.”

ಓಟು ನಡೆಯಿತು. ಹೆಂಗಸರ “ಹೌದು” ಊರ ಆ ಕಡೆಯ ಕೌಲ್ ಬಜಾರಿಗೂ ಕೇಳಿಸಿರಬೇಕು. ಗಂಡಸರ “ಇಲ್ಲ” ಪಕ್ಕದವನಿಗೇ ಕೇಳಿಸಲಿಲ್ಲ, ಯಾಕೆಂದರೆ ಎಲ್ಲರ ಹೆಂಡಿರೂ ಎದುರಿಗೇ ನಿಂತಿದ್ದರು. ತಿಪ್ಪೇರುದ್ರಪ್ಪ ಫಲಿತಾಂಶ ಸಾರಿ, ಗಂಟೆಯನ್ನು ಹೆಂಡತಿಯ ಕೈಗೆ ಕೊಟ್ಟು, ಚಪ್ಪಲಿ ಹುಡುಕುತ್ತ ಹೊರಬಿದ್ದರು. ಹಿಂದೆಯೇ ಸರ್ಕಾರ, ಅದರ ಹಿಂದೆ ವಿರೋಧ ಪಕ್ಷ.

ಎರ್ರಿಸ್ವಾಮಿ ಕೈ ಕೈ ಹೊಸೆಯುತ್ತ ಖುಷಿಯಿಂದ ಹೆಂಡತಿಯ ಪಕ್ಕಕ್ಕೆ ಬಂದು ನಿಂತ. “ಭೇಷ್ ಮಾಡಿದಿ ಸುವರ್ಣಾ!”

ಅವಳು ಅವನನ್ನು ಪ್ರೀತಿಯಿಂದಲೇ ನೋಡಿದಳು. “ನೀವೂ ಗಂಡಸರ ಅಲ್ಲೇನ್ರಿ?”

“ನಾನು... ಮನಿಯವ!”

“ಕಾನೂನಿನ ಮುಂದ ಎಲ್ಲಾರೂ ಒಂದ ಅಂತ ನೀವ ಒಪ್ಪೀರಂತಲ್ಲ,” ಎಂದು ಅವಳು ಅವನನ್ನು ಹೊಸ್ತಿಲಾಚೆ ಕಳಿಸಿ ಬಾಗಿಲು ಮುಂದೆ ಮಾಡಿದಳು.

ಹೊರಗೆ ಓಣಿಯ ಗಂಡಸರೆಲ್ಲ ಬೀಗರಿಲ್ಲದ ಊರಿಗೆ ಬಂದವರಂತೆ ನಿಂತಿದ್ದರು. ಎರ್ರಿಸ್ವಾಮಿ ಬೆಳಗಿನಿಂದ ನಿಂತೇ ಇದ್ದ. ಮೂಡಲ ಕೊನೆಯ ನೆರಳು ನೋಡಿ ಕಟ್ಟೆಯ ಮೇಲೆ ಕುಸಿಯಲು ಹೋದ.

“ಏಯ್!” ಎಂದು ಗಾದೆಪ್ಪ ತಾತ ಗದರಿದ. “ಕಾನೂನು!”

ಎರ್ರಿಸ್ವಾಮಿ ಮತ್ತೆ ಎದ್ದು ನಿಂತ. ಒಳಗೆ ಪ್ರಶ್ನೋತ್ತರ ಶುರುವಾಗಿತ್ತು. ಎರ್ರಿಸ್ವಾಮಿ ಗೊರಕೆ ಹೊಡೆಯುವುದು ನಿಜವೇ ಎಂದು ಒಬ್ಬ ಸದಸ್ಯೆ ಕೇಳಿದಳು. ಸುವರ್ಣಮ್ಮ ಸದನಕ್ಕೆ ಗೊರಕೆಯನ್ನೇ ಅನುಕರಿಸಿ ತೋರಿಸಿದಳು. ನಗೆಯ ಅಲೆ ಕಿಟಕಿಯಿಂದ ಹೊರಗೆ ಬಂತು, ಅದರ ಹಿಂದೆ ಬೆಳ್ಳುಳ್ಳಿ ಒಗ್ಗರಣೆಯ ಘಮವೂ ಬಂತು. ಚಂದ್ರಣ್ಣ ಕಣ್ಣು ಮುಚ್ಚಿ ಮೂಗರಳಿಸಿದ, ಆದರೆ ಠರಾವು ಮಂಡಿಸುವ ಧೈರ್ಯ ಮಾಡಲಿಲ್ಲ.

ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಬಳೆ ತುಂಬಿದ ಕೈಯೊಂದು ಮಜ್ಜಿಗೆ ಲೋಟ ಚಾಚಿತು. ಅದೇ ಬಳೆ, ಅದೇ ಸದ್ದು. ಎರ್ರಿಸ್ವಾಮಿಗೆ ಜೀವ ಬಂದಂತಾಯಿತು.

“ಪಾಪ, ನಿಂತೇ ಅದೀರಲ್ಲ,” ಎಂದಳು ಸುವರ್ಣಮ್ಮ. “ನಿಮ್ಮಜ್ಜನ ಕಟ್ಟಿ ಮ್ಯಾಲೆ ನಿಮಗೇ ಕೂಡ್ರಾಕಿಲ್ಲಂದ್ರ ಹೆಂಗ್ರಿ? ಇಂಥಾ ಕಾನೂನು ಯಾವ ಪುಣ್ಯಾತ್ಮ ತಂದಾನ?”

ಎರ್ರಿಸ್ವಾಮಿ ಲೋಟ ತೆಗೆದುಕೊಂಡು, ಗೋಡೆಗೆ ಮುಖ ಮಾಡಿ, ನಿಂತೇ ಕುಡಿದ.