ಹಟ್ಟಾ ಗುಡ್ಡದಲ್ಲಿ ಕೊನೆಯವನು

ಕೊರಗಪ್ಪನಿಗೆ ಮ್ಯಾನೇಜರ್ ಮೇಲೆ ಎಷ್ಟು ಗೌರವವೆಂದರೆ, ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಶಾಹುಲ್ ಹಮೀದ್ ಸಾಹೇಬರು ಏನು ಹಾಕಿದರೂ ಓದುವ ಮೊದಲೇ ಒಂದು ಹೆಬ್ಬೆರಳು ಒತ್ತಿಬಿಡುತ್ತಿದ್ದ. ರಜೆಯ ಸುತ್ತೋಲೆಗೂ ಹೆಬ್ಬೆರಳು, ಯಾರೋ ತೀರಿಕೊಂಡ ಸುದ್ದಿಗೂ ಹೆಬ್ಬೆರಳು. ಮಂಗಳವಾರ ಮಧ್ಯಾಹ್ನ ಬಂದದ್ದಕ್ಕೂ ಹಾಗೆಯೇ ಒತ್ತಿ, ಬಂಗುಡೆ ಸಾರಿನ ಡಬ್ಬಿಯ ಮುಚ್ಚಳ ತೆಗೆದ. ಎರಡು ತುತ್ತು ಉಂಡ ಮೇಲೆ ಓದಿದ. "ಶನಿವಾರ ಹಟ್ಟಾ ಗುಡ್ಡದಲ್ಲಿ ಸೈಕಲ್ ಸವಾರಿ. ನಲವತ್ತೆರಡು ಕಿಲೋಮೀಟರ್, ಒಳ್ಳೆಯ ಏರು. ಬರುವವರು ಹೆಬ್ಬೆರಳು ಒತ್ತಿ." ಇಪ್ಪತ್ತಾರು ಜನರ ಗುಂಪಿನಲ್ಲಿ ಒತ್ತಿದವರು ಇಬ್ಬರೇ. ಒಬ್ಬ ಸೇಲ್ಸಿನ ತೌಫೀಕ್, ಇನ್ನೊಬ್ಬ ಸ್ವತಃ ಕೊರಗಪ್ಪ.

ಕೊರಗಪ್ಪನಿಗೆ ನಲವತ್ತೇಳು. ದುಬೈಯ ದೇರಾ ಭಾಗದ ಅಲ್ ಮುರಕ್ಕಬಾತಿನ ಪೈಪು-ವಾಲ್ವು ಕಂಪನಿಯೊಂದರ ಸ್ಟೋರ್‌ಕೀಪರ್. ಅವನು ಕೊನೆಯ ಸಲ ಸೈಕಲ್ ತುಳಿದದ್ದು ಒಂಬತ್ತನೇ ಕ್ಲಾಸಿನಲ್ಲಿ, ಅದೂ ಬಾಡಿಗೆಯದ್ದು, ಅದೂ ಇಳಿಜಾರಿನಲ್ಲಿ. ಗಾಬರಿಯಿಂದ ಹೆಬ್ಬೆರಳನ್ನು ಅಳಿಸಲು ಹೊರಟವನ ಕೈಯನ್ನು ಪಕ್ಕದ ಮೇಜಿನ ತೌಫೀಕ್ ಹಿಡಿದುಕೊಂಡ.

"ಕೊರಗಪ್ಪಣ್ಣ, ನಿಮಗೆ ತಲೆ ಸರಿ ಉಂಟಾ? ರುವೈಸಿಗೆ ಒಬ್ರನ್ನು ಕಳಿಸ್ಲಿಕ್ಕೆ ಮ್ಯಾನೇಜರ್ ಹಮೀದಾಕ ಹೆಸ್ರು ಹುಡುಕ್ತಾ ಇದ್ದಾರೆ. ಈಗ ತೆಗೆದ್ರೆ ಅವರ ಕಣ್ಣಿಗೆ ಬೀಳ್ತದೆ. ಒಟ್ಟಿಗೆ ಸೈಕಲ್ ಬಿಡಿ, ನಿಮ್ಮ ಮೇಲೆ ಪ್ರೀತಿ ಬರ್ತದೆ. ಪ್ರೀತಿ ಇದ್ದವ್ರನ್ನು ಯಾರಾದ್ರೂ ಮರುಭೂಮಿಗೆ ಅಟ್ಟುತ್ತಾರಾ?"

ರುವೈಸ್ ಎಂಬ ಹೆಸರು ಕೇಳಿಯೇ ಕೊರಗಪ್ಪನಿಗೆ ಊಟ ಸೇರದಾಯಿತು. ದುಬೈಯಿಂದ ಮೂರೂವರೆ ಗಂಟೆ ದಾರಿಯ ರಿಫೈನರಿ ಊರು. ಕಂಪನಿ ಅಲ್ಲಿ ಕೊಡುವುದು ಬ್ಯಾಚುಲರ್ ರೂಮು. ಮದುವೆಯಾದ ಮೇಲೂ ಹನ್ನೊಂದು ವರ್ಷ ಅವನು ದೇರಾದಲ್ಲಿ ಬ್ಯಾಚುಲರನಾಗಿಯೇ, ಐದು ಮಂದಿಯ ಗೊರಕೆಯ ನಡುವೆ ಮಲಗಿದ್ದ. ಹೆಂಡತಿ ಜಲಜಾಕ್ಷಿಯೂ ಮಗಳು ತೃಷಾಳೂ ಫ್ಯಾಮಿಲಿ ವೀಸಾದಲ್ಲಿ ಬಂದು ನಾಲ್ಕೇ ವರ್ಷ. ಜಲಜಾಕ್ಷಿಗೆ ಕ್ಲಿನಿಕ್ಕಿನಲ್ಲಿ ಕೆಲಸ, ಮಗಳಿಗೆ ಹತ್ತನೇ ಕ್ಲಾಸು. ಇಬ್ಬರೂ ದೇರಾ ಬಿಡುವಂತಿಲ್ಲ. ಇಷ್ಟು ವರ್ಷ ಅಪ್ಪನನ್ನು ನೆಂಟನಂತೆ ನೋಡುತ್ತಿದ್ದ ಮಗಳು ಈಚೆಗಷ್ಟೇ ಟೀವಿ ರಿಮೋಟಿಗಾಗಿ ಅವನೊಡನೆ ಕಚ್ಚಾಡತೊಡಗಿದ್ದಳು. ಆ ಕಚ್ಚಾಟವನ್ನು ಬಿಟ್ಟುಹೋಗುವುದು ಅವನಿಂದಾಗದ ಮಾತು. ಹೆಬ್ಬೆರಳು ಇದ್ದಲ್ಲೇ ಉಳಿಯಿತು.

ಸೈಕಲ್ ಇಲ್ಲ ಎಂಬ ನೆಪವೊಂದಿತ್ತು. ಅದೂ ಸಂಜೆಯೊಳಗೆ ಹೋಯಿತು. ಅವನ ಕಟ್ಟಡದ ಮೂರನೇ ಮಹಡಿಯ ರೆಜಿನಾ ಬಾಯಿಯೇ ಸಾಹೇಬರು ಸೇರಿದ್ದ ಸವಾರಿ ಗುಂಪಿನ ಕ್ಯಾಪ್ಟನ್. ವೃತ್ತಿಯಲ್ಲಿ ನರ್ಸ್, ವಯಸ್ಸು ಐವತ್ತನಾಲ್ಕು, ಕಾಲುಗಳು ಇಪ್ಪತ್ತನಾಲ್ಕರದ್ದು. ಊರಿಗೆ ಹೋಗಿದ್ದ ಗಂಡನ ಸೈಕಲ್, ಹೆಲ್ಮೆಟ್, ಒಂದು ಸೈಜು ಸಣ್ಣದಾದ ಶೂ ಮತ್ತು ಕೂರುವ ಜಾಗಕ್ಕೆ ಸ್ಪಂಜು ಹೊಲಿದಿದ್ದ ಬಿಗಿ ಚಡ್ಡಿ, ಎಲ್ಲವನ್ನೂ ಹೊತ್ತು ತಂದು ಬಾಗಿಲಲ್ಲಿ ನಿಂತಳು.

"ಹೆದರ್ಬೇಡಿ ಮಾರಾಯ್ರೆ. ಯಾರನ್ನೂ ಬಿಟ್ಟು ಹೋಗುವ ಕ್ರಮ ನಮ್ಮಲ್ಲಿಲ್ಲ. ಎಷ್ಟು ಹಿಂದೆ ಉಳಿದ್ರೂ ಕಾಯ್ತೇವೆ."

ಶನಿವಾರ ಬೆಳಿಗ್ಗೆ ಆ ಚಡ್ಡಿ ತೊಟ್ಟು ಹೊರಬಂದ ಅಪ್ಪನನ್ನು ತೃಷಾ ಅಡಿಯಿಂದ ಮುಡಿಯವರೆಗೆ ನೋಡಿದಳು. "ಪಪ್ಪಾ, ಪ್ಲೀಸ್ ಡೋಂಟ್ ಪೋಸ್ಟ್ ಎನಿ ಫೋಟೋಸ್."

ಜಲಜಾಕ್ಷಿ ಮಾತ್ರ ನಗಲಿಲ್ಲ. ಹಣೆಗೆ ಕುಂಕುಮದ ಬೊಟ್ಟಿಟ್ಟು, "ಬಿದ್ರೂ ಅಡ್ಡಿಯಿಲ್ಲ, ಸಾಹೇಬ್ರ ಹತ್ರ ಎದುರು ಮಾತಾಡ್ಬೇಡಿ," ಎಂದಳು.

ಹಟ್ಟಾದಲ್ಲಿ ಇಳಿದಾಗ ಜನವರಿಯ ಚಳಿ ಹಿತವಾಗಿತ್ತು. ಸುತ್ತ ಹುಲ್ಲುಕಡ್ಡಿಯೂ ಇಲ್ಲದ ಕಂದು ಗುಡ್ಡಗಳು, ನಡುವೆ ನುಣುಪಾದ ಕಪ್ಪು ರಸ್ತೆ. ಆ ರಸ್ತೆ ಒಂದು ಕಡೆ ಎದ್ದು ನಿಂತದ್ದನ್ನು ಕಂಡು ಕೊರಗಪ್ಪ, ಅದು ಸೈಕಲ್ಲಿಗಲ್ಲ, ಬೇರೆ ಯಾವುದಕ್ಕೋ ಇರಬೇಕು ಎಂದುಕೊಂಡ.

ಹದಿನಾಲ್ಕು ಮಂದಿ ಸಾಲಾಗಿ ನಿಂತರು. ರೆಜಿನಾ ಸೀಟಿ ಊದಿದಳು. ಕೊರಗಪ್ಪನ ಶೂಗಳ ಅಡಿಯ ಕೊಕ್ಕೆ ಪೆಡಲಿಗೆ ಟಕ್ಕೆಂದು ಕಚ್ಚಿಕೊಂಡಿತು. ಇಪ್ಪತ್ತು ಮೀಟರ್ ಹೋಗಿ ಮುಂದಿನವರು ನಿಂತರೆಂದು ಅವನೂ ನಿಂತ. ಶೂ ಬಿಡಿಸಿಕೊಳ್ಳುವುದು ಹೇಗೆಂದು ಯಾರೂ ಹೇಳಿರಲಿಲ್ಲ. ಕಡಿದ ಬಾಳೆಗಿಡದಂತೆ ನಿಧಾನವಾಗಿ, ಮರ್ಯಾದೆಯಿಂದ, ಸೈಕಲ್ ಸಮೇತ ಬಲಕ್ಕೆ ಒರಗಿದ.

ಎತ್ತಿ ನಿಲ್ಲಿಸಿದ್ದು ಸ್ವತಃ ಹಮೀದ್ ಸಾಹೇಬರು. "ಪೆಟ್ಟಾಯ್ತಾ ಕೊರಗಪ್ಪ?"

"ಇಲ್ಲ ಸರ್. ನೆಲ ಹೇಗುಂಟೂಂತ ನೋಡಿದ್ದು."

"ಸರಿ, ನಡಿ. ನಾನು ನಿನ್ನ ಹಿಂದೆಯೇ ಇರ್ತೇನೆ."

ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ಉಳಿದು ಕೊನೆಯವನನ್ನು ಕಾಯುವ ಜವಾಬ್ದಾರಿ ಆರು ವರ್ಷಗಳಿಂದ ಸಾಹೇಬರದ್ದಂತೆ. ಅಂದರೆ ನಲವತ್ತೆರಡು ಕಿಲೋಮೀಟರೂ ಆ ಎರಡು ಕಣ್ಣುಗಳು ಅವನ ಸ್ಪಂಜಿನ ಚಡ್ಡಿಯ ಮೇಲೆಯೇ!

ಮೊದಲ ಏರಿನಲ್ಲಿ ತೌಫೀಕ್ ಮತ್ತಿತರರು ಮಾತಾಡುತ್ತಾ ನಗುತ್ತಾ ಮೇಲೆ ಹೋದರು. ಕೊರಗಪ್ಪ ಒಂದೊಂದು ತುಳಿತಕ್ಕೂ ಒಂದೊಂದು ದೇವರನ್ನು ಕರೆದ; ಊರಿನ ದೈವಗಳೆಲ್ಲ ಮುಗಿದರೂ ಏರು ಮುಗಿಯಲಿಲ್ಲ. ಹಿಂದಿನಿಂದ ಒಂದು ಸದ್ದು ಬರುತ್ತಿತ್ತು. ಸಾಹೇಬರು ಮೂಗಿನಿಂದ ಭುಸುಭುಸು ಉಸಿರು ಬಿಡುತ್ತಿದ್ದರು. ಲೋಡು ತಡವಾದಾಗ ಅವರು ಫೋನಿನಲ್ಲಿ ಬಿಡುವ ಉಸಿರೂ ಅದೇ ಬಗೆಯದು ಎಂಬುದು ಸ್ಟೋರ್‌ಕೀಪರನಿಗೆ ಚೆನ್ನಾಗಿ ಗೊತ್ತು. ಸಿಟ್ಟು ಏರುತ್ತಿದೆ ಎಂದುಕೊಂಡು ಇನ್ನಷ್ಟು ಒತ್ತಿ ತುಳಿದ. ಕಾಲು ಕೇಳಲಿಲ್ಲ. ಕೊನೆಗೆ ಇಳಿದು ಸೈಕಲ್ ತಳ್ಳತೊಡಗಿದ.

ಸಾಹೇಬರೂ ಇಳಿದು ತಳ್ಳತೊಡಗಿದರು. ಒಂದೇ ಒಂದು ಮಾತಿಲ್ಲ. ತನ್ನನ್ನು ನಾಚಿಸಲೆಂದೇ ಇಳಿದದ್ದು, ಅನುಮಾನವೇ ಇಲ್ಲ.

"ಸರ್, ನೀವು ಹೋಗಿ ಸರ್. ನಿಮಗೆ ಸುಮ್ಮನೆ ತೊಂದರೆ."

"ಖಲಾಸ್, ಮಾತಾಡ್ಬೇಡ," ಎಂದರು ಸಾಹೇಬರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಕೊರಗಪ್ಪನ ಕಣ್ಣ ಮುಂದೆ ರುವೈಸಿನ ಕಬ್ಬಿಣದ ಮಂಚ ಬಂದು ನಿಂತಿತು.

ಗುಡ್ಡದ ತುದಿಯಲ್ಲಿ ಹನ್ನೆರಡೂ ಮಂದಿ ಕಾಯುತ್ತಿದ್ದರು. ಅವನು ಕಾಣಿಸಿದ್ದೇ ತಡ, ಚಪ್ಪಾಳೆ ತಟ್ಟಿದರು. ಈ ಚಪ್ಪಾಳೆಗಿಂತ ಬೈಗುಳವೇ ವಾಸಿಯಾಗಿತ್ತು. ಮುಂದಿನ ಗುಡ್ಡದಲ್ಲೂ ಕಾದರು, ಅದರ ಮುಂದಿನದರಲ್ಲೂ ಕಾದರು. ಅವನಿಗಾಗಿ ಕಾದು ಕಾದು ಬಾಳೆಹಣ್ಣೆಲ್ಲ ಖರ್ಚಾಯಿತು.

ಹೀಗಾದರೆ ಉಳಿಗಾಲವಿಲ್ಲ. ಹಂಝ ಎಂಬಾತ ನೀರು, ಖರ್ಜೂರ ಹೇರಿಕೊಂಡು ಪಿಕಪ್ ತರುತ್ತಿದ್ದ. ಸೈಕಲ್ ಕೆಟ್ಟರೆ ಪಿಕಪ್ಪಿನಲ್ಲಿ ಕೂರಬಹುದು. ಯಂತ್ರದ ತಪ್ಪಿಗೆ ಮನುಷ್ಯನನ್ನು ಯಾರೂ ದೂರುವುದಿಲ್ಲ. ಸಾಹೇಬರು ಬಂಡೆಯ ಮರೆಗೆ ಹೋದ ಸಮಯ ನೋಡಿ ಕೊರಗಪ್ಪ ಹಿಂದಿನ ಚಕ್ರದ ಗಾಳಿ ಬಿಟ್ಟ.

"ಪಂಕ್ಚರ್! ಅಯ್ಯೋ, ಪಂಕ್ಚರ್ ಆಯ್ತು!" ಎಂದು ಎಲ್ಲರಿಗೂ ಕೇಳುವಂತೆ ದುಃಖಪಟ್ಟ.

ಅವನು ಪಿಕಪ್ಪಿನ ಬಾಗಿಲಿಗೆ ಕೈ ಹಾಕುವ ಮೊದಲೇ ಮೇಲಿನಿಂದ ಆರು ಜನ ಹಾರಿ ಬಂದರು. ಒಬ್ಬ ಚಕ್ರ ಕಳಚಿದ, ಒಬ್ಬ ಹೊಸ ಟ್ಯೂಬು ತೂರಿಸಿದ, ತೌಫೀಕ್ ಪಂಪು ಹೊಡೆದ. ನಾಲ್ಕು ನಿಮಿಷದಲ್ಲಿ ಸೈಕಲ್ ಮದುಮಗನಂತೆ ಸಿದ್ಧವಾಯಿತು.

"ಹಳೇ ಟ್ಯೂಬಿನಲ್ಲಿ ತೂತೇ ಇಲ್ವಲ್ಲ ಕೊರಗಪ್ಪಣ್ಣ?" ಎಂದ ತೌಫೀಕ್.

"ಅದೇ ನನಗೂ ಆಶ್ಚರ್ಯ," ಎಂದ ಕೊರಗಪ್ಪ.

ಕೊನೆಯ ಏರಿನ ಬುಡದಲ್ಲಿ ಅವನ ಮೀನಖಂಡ ನಿಜವಾಗಿಯೇ ಹಿಡಿದುಕೊಂಡಿತು. ಈ ಸಲ ನಟನೆಯಿಲ್ಲ. ರಸ್ತೆ ಬದಿಯಲ್ಲಿ ಕುಳಿತು, "ನನ್ನಿಂದಾಗುದಿಲ್ಲ. ನನ್ನನ್ನು ಬಿಟ್ಟು ಹೋಗಿ," ಎಂದು ಕೈಮುಗಿದ. ನಾಲ್ಕು ಆಡುಗಳು ಬಂದು ನೋಡಿದವು. ರೆಜಿನಾ ಬಂದು ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಒಗೆದ ಬಟ್ಟೆ ಹಿಂಡುವಂತೆ ಹಿಂಡಿದಳು. ಅವನ ಕೂಗಿಗೆ ಆಡುಗಳು ಗುಡ್ಡ ಹತ್ತಿದವು.

"ಬಿಟ್ಟು ಹೋಗುವ ಕ್ರಮ ಇಲ್ಲಾಂತ ಹೇಳಿದ್ದೇನಲ್ಲ? ಏಳಿ. ಯಲ್ಲಾ!"

ಬೆನ್ನಿಗೆ ಒಂದು ಕಡೆ ರೆಜಿನಾಳ ಕೈ, ಇನ್ನೊಂದು ಕಡೆ ತೌಫೀಕನ ಕೈ, ಹಿಂದೆ ಸಾಹೇಬರ ಭುಸುಭುಸು. ಹೀಗೆ ಕೆಟ್ಟುನಿಂತ ಜೀಪನ್ನು ನೂಕಿದಂತೆ ನೂಕಿ ಅವನನ್ನು ಗುಡ್ಡ ಹತ್ತಿಸಿದರು. ಮೇಲೆ ತಲುಪಿದಾಗ ಕೊರಗಪ್ಪನ ಕಣ್ಣಲ್ಲಿ ನೀರಿತ್ತು. ಗೆದ್ದ ಸಂತೋಷಕ್ಕೆ ಎಂದು ಎಲ್ಲರೂ ತಿಳಿದರು. ಅವನು ಅತ್ತದ್ದು ರುವೈಸನ್ನು ನೆನೆದು.

ಸವಾರಿ ಮುಗಿದ ಮೇಲೆ ಹಟ್ಟಾ ಪೇಟೆಯ ಚಹಾ ಅಂಗಡಿಯಲ್ಲಿ ಎಲ್ಲರೂ ಕುಳಿತರು. ಹಮೀದ್ ಸಾಹೇಬರು ಎರಡು ಕರಕ್ ಚಹಾ ಹಿಡಿದು, ಕೊರಗಪ್ಪನನ್ನು ಮೂಲೆಯ ಮೇಜಿಗೆ ಕರೆದರು. ಅವನು ಕುಂಟುತ್ತಾ ಹೋಗಿ, ಕೂರಲಾಗದೆ ನಿಂತೇ ಇದ್ದ.

"ಸರ್, ಇವತ್ತು ನನ್ನಿಂದ ನಿಮಗೆ..."

"ಕೊರಗಪ್ಪ," ಸಾಹೇಬರು ಅವನ ಕೈ ಹಿಡಿದುಕೊಂಡರು. "ನಿನ್ನ ಉಪಕಾರ ನಾನು ಮರೆಯುದಿಲ್ಲ."

ಕೊರಗಪ್ಪ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ.

"ನಂಗೆ ಶುಗರ್. ಮನೆಯಲ್ಲಿ ಹೆಂಡತಿ ಖೈರುನ್ನಿಸಾಳ ಒತ್ತಾಯಕ್ಕೆ ಸೈಕಲ್ ಬಿಡುದು. ಆರು ವರ್ಷದಿಂದ ನಾನೇ ಲಾಸ್ಟು ಮಾರಾಯ. ಮ್ಯಾನೇಜರ್ ಲಾಸ್ಟು ಬಂದ್ರೆ ಮರ್ಯಾದೆ ಇಲ್ಲಾಂತ ರೆಜಿನಾ ಬಾಯಿ ಹಿಂದೆ ಕಾಯುವ ಡ್ಯೂಟಿ ಕೊಟ್ಟಳು. ಕಾಯ್ಲಿಕ್ಕೆ ಹಿಂದೆ ಜನವೇ ಇರ್ಲಿಲ್ಲ! ಇವತ್ತು ಮೊದಲ ಸಲ ನನಗಿಂತ ನಿಧಾನದವ ಒಬ್ಬ ಸಿಕ್ಕಿದ. ನೀನು ಇಳಿದಾಗ ನನಗೂ ಇಳಿಲಿಕ್ಕಾಯ್ತು. ಮಾತಾಡ್ಲಿಕ್ಕೆ ಉಸಿರೇ ಇರ್ಲಿಲ್ಲ, ಇಲ್ಲದಿದ್ರೆ ಆಗ್ಲೇ ಹೇಳ್ತಿದ್ದೆ."

ಕೊರಗಪ್ಪನ ಎದೆಯ ಮೇಲಿದ್ದ ಇಡೀ ಹಟ್ಟಾ ಗುಡ್ಡ ಸರಿದುಹೋಯಿತು. ಪ್ರೀತಿ ಬಂದಿದೆ! ಕಾಲುನೋವು ಮರೆತು ಕುರ್ಚಿ ಎಳೆದು ಕುಳಿತೇಬಿಟ್ಟ. ಚಹಾ ಇಷ್ಟು ರುಚಿಯಾಗಿರುತ್ತದೆಂದು ಅವನಿಗೆ ಈವರೆಗೆ ಗೊತ್ತಿರಲಿಲ್ಲ.

"ಈಗ ನೋಡು, ಯಾರಿಗೂ ಹೇಳ್ಬೇಡ," ಸಾಹೇಬರು ಬಗ್ಗಿ ಕುಳಿತರು. "ರುವೈಸಿನ ಬ್ರಾಂಚಿಗೆ ನನ್ನನ್ನೇ ಹಾಕಿದ್ದಾರೆ, ಎರಡು ವರ್ಷ. ಒಬ್ಬನನ್ನು ನೀನೇ ಆರಿಸಿಕೊಂಡು ಹೋಗೂಂತ ಹೇಳಿದ್ರು. ನಾನು ತೌಫೀಕನ ಹೆಸ್ರು ಬರ್ದಿಟ್ಟಿದ್ದೆ. ಆದ್ರೆ ಅವನು ಸೈಕಲ್ ಹತ್ತಿದ್ರೆ ಕಣ್ಣಿಗೆ ಕಾಣ್ಲಿಕ್ಕಿಲ್ಲ. ಅಲ್ಲಿ ದಿನಾ ಬೆಳಿಗ್ಗೆ ಸೈಕಲ್ ಬಿಡ್ಬೇಕೂಂತ ಡಾಕ್ಟ್ರ ಆರ್ಡರ್. ನನಗೆ ಬೇಕಾದ್ದು ನಿನ್ನಂಥವ. ಈಗಷ್ಟೇ ಹೆಡ್ ಆಫೀಸಿಗೆ ಮೆಸೇಜ್ ಹಾಕಿದೆ, ತೌಫೀಕನ ಹೆಸ್ರು ತೆಗೀರಿ, ಕೊರಗಪ್ಪನದ್ದು ಹಾಕೀಂತ. ಅವ್ರು ಓಕೆ ಹೇಳಿಯೂ ಆಯ್ತು. ನಾವಿಬ್ರೂ ಒಂದೇ ರೂಮು."

ಕೊರಗಪ್ಪನಿಗೆ ಮಗಳ ಹತ್ತನೇ ಕ್ಲಾಸು, ಹೆಂಡತಿಯ ಕೆಲಸ, ಹನ್ನೊಂದು ವರ್ಷ ಎಲ್ಲವನ್ನೂ ಒಟ್ಟಿಗೆ ಹೇಳಬೇಕೆನಿಸಿತು. "ಸರ್..." ಎಂದ. ಸಾಹೇಬರ ಕಣ್ಣಂಚಿನಲ್ಲಿ ನೀರು ಕಂಡು ಚಹಾದ ಲೋಟವನ್ನು ಬಾಯಿಗೆ ಹಿಡಿದ.

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಜಲಜಾಕ್ಷಿ. ಹೊರಗೆ ಬಂದು ಗೋಡೆಗೆ ಆತು ನಿಂತು ಎತ್ತಿದ.

"ಬದುಕಿದ್ದೀರಾ? ಸಾಹೇಬ್ರು ಖುಷಿಯಲ್ಲಿದ್ದಾರಾ?"

"ತುಂಬ ಖುಷಿಯಲ್ಲಿದ್ದಾರೆ."

"ಹಾಗಾದ್ರೆ ರುವೈಸ್ ತಪ್ಪಿತಾ?"

"ತಪ್ಪಿತು."

"ಅಬ್ಬ, ದೇವ್ರು ದೊಡ್ಡವ! ನಾನು ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡೀಲಿಲ್ಲ ಗೊತ್ತುಂಟಾ? ತೃಷಾ, ಪಪ್ಪ ಎಲ್ಲಿಗೂ ಹೋಗುದಿಲ್ವಂತೆ!"

ಫೋನಿನ ಆ ಕಡೆಯಿಂದ ಮಗಳ ಕೂಗು ಕೇಳಿಸಿತು. ಅವಳು ಅಷ್ಟು ಸಂತೋಷಪಡುತ್ತಾಳೆಂದು ಕೊರಗಪ್ಪನಿಗೆ ಗೊತ್ತಿರಲಿಲ್ಲ.

"ಜಲಜಾ," ಎಂದ ಕೊನೆಗೆ, "ತಪ್ಪಿದ್ದು ತೌಫೀಕನಿಗೆ."