ಕೋಟು ಆ ಕಡೆ, ನಾಯಿ ಈ ಕಡೆ

ಹೆಡ್ಲಿ ಸಗ್ಡನ್‌ನ ಕಷ್ಟಕ್ಕೆ ಮೂಲ ಯುರೋಪ್ ಅಲ್ಲ, ಕಸದ ಡಬ್ಬ. ಫೆಬ್ರವರಿಯ ಒಂದು ಮಂಗಳವಾರ, ಹಿಮ ಕಟ್ಟಿದ ಮೆಟ್ಟಿಲ ಮೇಲಿಂದ ಡಬ್ಬವನ್ನು ಬೀದಿಗೆ ಎಳೆಯಲು ಹೋಗಿ, ಡಬ್ಬ ಒಂದು ಕಡೆ ತಾನೊಂದು ಕಡೆ ಉರುಳಿದ. ಡಬ್ಬಕ್ಕೆ ಏನೂ ಆಗಲಿಲ್ಲ. ಹೆಡ್ಲಿಯ ಬಲಗಾಲು ಎರಡು ಕಡೆ ಮುರಿಯಿತು.

ಮೂವತ್ತೊಂದು ವರ್ಷ ಸ್ಕಾರ್ತ್‌ವಿಕ್ ಬಂದರಿನಿಂದ ಆಸ್ಪತ್ರೆಯವರೆಗೆ ಬಸ್ಸು ಓಡಿಸಿ ನಿವೃತ್ತನಾದ ಈ ಒಂಟಿ ಮನುಷ್ಯನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಇದ್ದದ್ದು ಎಡಗೋಡೆಯ ಆಚೆ ಒಬ್ಬರು, ಬಲಗೋಡೆಯ ಆಚೆ ಒಬ್ಬ. ಎಡಕ್ಕೆ ಎನಿಡ್ ಕ್ರೇಕ್, ಎಪ್ಪತ್ತಾರರ ವಿಧವೆ. ತೀರಿಕೊಂಡ ಗಂಡ ಆರ್ಥರ್‌ಗೆ ಸ್ವಂತ ಮೀನುದೋಣಿ ಇತ್ತು. ಬಲಕ್ಕೆ ಲೆನ್ ಪಿಕರ್ಸ್, ಲಾಬ್‌ಸ್ಟರ್ ಎಂಬ ದೊಡ್ಡ ಕಡಲ ಸಿಗಡಿ ಹಿಡಿದು ಸ್ಪೇನ್‌ಗೆ ಕಳಿಸುವವನು. ಕಾಲು ಕೂಡುವವರೆಗೆ ಮಿಸೆಸ್ ಕ್ರೇಕ್ ದಿನಾ ಸಂಜೆ ಆರಕ್ಕೆ ಬಿಸಿ ಊಟ ತಂದು ಮುಂದಿಟ್ಟರು. ಲೆನ್ ಅವನನ್ನು ಹೆಗಲ ಮೇಲೆ ಹೊತ್ತು ಮಹಡಿ ಹತ್ತಿಸಿದ; ಮಂಚದ ಕೆಳಗಿನ ಪಾತ್ರೆಯನ್ನೂ ಮುಖ ಸಿಂಡರಿಸದೆ ತೊಳೆದ. ಒಡಹುಟ್ಟಿದವರೂ ಇಷ್ಟು ಮಾಡುತ್ತಿರಲಿಲ್ಲ. ಹೆಡ್ಲಿಗೆ ಅದನ್ನು ಬಾಯಿಬಿಟ್ಟು ಹೇಳಲು ಬರುತ್ತಿರಲಿಲ್ಲ, ಆ ಊರಿನ ಗಂಡಸರಿಗೆ ಯಾರಿಗೂ ಬರುವುದಿಲ್ಲ. ಅದರ ಬದಲು ಊಟವಾದ ಮೇಲೆ ಎಡಗೋಡೆಗೊಂದು ಬಲಗೋಡೆಗೊಂದು ಏಟು ತಟ್ಟುತ್ತಿದ್ದ. ಆಚೆಯಿಂದಲೂ ಒಂದೊಂದು ಏಟು ಬರುತ್ತಿತ್ತು.

ಅಷ್ಟರಲ್ಲಿ ದೇಶದ ಮುಂದೆ ಆ ಪ್ರಶ್ನೆ ಬಂದು ಕೂತಿತು: ಯುರೋಪಿನ ವ್ಯಾಪಾರ ಕೂಟದಲ್ಲಿ ಉಳಿಯುವುದೋ, ಅಲ್ಲಿಂದ ಹೊರಡುವುದೋ. ಜೂನ್ ಇಪ್ಪತ್ಮೂರಕ್ಕೆ ಮತದಾನ. ಏಪ್ರಿಲ್‌ನಲ್ಲೇ, ಕರಿದ ಮೀನಿನಂಗಡಿಯ ಸಾಲಿನಲ್ಲಿ, ಊರೆಲ್ಲ ನೋಡುತ್ತಿರುವಾಗ ಎಡಗೋಡೆಗೂ ಬಲಗೋಡೆಗೂ ಜಗಳ ಹತ್ತಿತು.

"ನನ್ನ ಆರ್ಥರ್‌ನ ದೋಣೀನ ದಡಕ್ಕೆಳೆದು ಗರಗಸದಲ್ಲಿ ಕೊಯ್ದ್ರು. ದೋಣಿ ಜಾಸ್ತಿ ಆಯ್ತಂತೆ, ಎಲ್ಲ ಆ ಬ್ರಸೆಲ್ಸ್‌ನಲ್ಲಿ ಕೂತ ಯುರೋಪಿನೋರ ಕಾನೂನು. ಅವರ ಜೊತೆ ಇನ್ನೂ ಸಂಸಾರ ಮಾಡ್ಬೇಕಾ?" ಎಂದರು ಮಿಸೆಸ್ ಕ್ರೇಕ್.

"ನನ್ನ ಲಾಬ್‌ಸ್ಟರ್ ಇವತ್ತು ಲಾರಿ ಹತ್ತಿದ್ರೆ ನಾಳಿದ್ದು ಸ್ಪೇನ್‌ನಲ್ಲಿ ಜೀವ ಸಮೇತ ಇಳಿಯುತ್ತೆ. ಗಡೀಲಿ ನಿಲ್ಲಿಸಿಕೊಂಡು ಕಾಗದ ಕೇಳೋಕೆ ಶುರು ಮಾಡಿದ್ರೆ ಇಳಿಯೋದು ಹೆಣ. ಆಗ ನಾನೇನು ಸಂತೆಗೆ ಹೋಗಿ ಬುಟ್ಟಿ ಹೆಣೆಯಲಾ?" ಎಂದ ಲೆನ್.

ಅವತ್ತಿನಿಂದ ಮಾತು ಬಂದ್. ಹನ್ನೊಂದು ವರ್ಷದಿಂದ ಮೂವರೂ ಭಾನುವಾರ ಮಿಸೆಸ್ ಕ್ರೇಕ್ ಅವರ ಮೇಜಿನಲ್ಲಿ ಒಟ್ಟಿಗೆ ಉಣ್ಣುತ್ತಿದ್ದರು. ಅದು ನಿಂತುಹೋಯಿತು. ಈಗ ಹೆಡ್ಲಿ ಹನ್ನೆರಡಕ್ಕೆ ಎಡಮನೆಯಲ್ಲಿ ಹುರಿದ ಮಾಂಸ ತಿಂದು, ಎರಡಕ್ಕೆ ಬಲಮನೆಯಲ್ಲಿ ಅದೇ ಹುರಿದ ಮಾಂಸವನ್ನು ಹಸಿದವನ ಹಾಗೆ ತಿನ್ನಬೇಕಿತ್ತು. ಲೆನ್ ಸಂಜೆ ಏಳಕ್ಕೆ ಬೇರೆ ತಟ್ಟೆ ತರಲು ಶುರುಮಾಡಿದ. ಕಾಲು ಸಣ್ಣಗಾಗಿ ಹೊಟ್ಟೆ ದೊಡ್ಡದಾಯಿತು. ಆದರೂ ಹೆಡ್ಲಿಗೆ ಬೇಕಾಗಿದ್ದದ್ದು ಆ ಹಳೆಯ ಒಂದೇ ಊಟ, ಮೂರು ಕುರ್ಚಿಯದ್ದು.

ಮಿಸೆಸ್ ಕ್ರೇಕ್ ಕೆಂಪು ಬಣ್ಣದ 'ಹೊರಡೋಣ' ಭಿತ್ತಿಚಿತ್ರ ತಂದು, "ಬೀದಿ ಕಿಟಕಿಗೆ ಅಂಟಿಸ್ಲೇನಪ್ಪಾ?" ಎಂದಾಗ ಹೆಡ್ಲಿ, "ಅದಕ್ಕೇನಂತೆ, ಅಂಟಿಸಿ" ಎಂದ. ಬಾಯಲ್ಲಿ ಅವರದೇ ಪೈ, ಮೀನು ತುಂಬಿ ಬೇಯಿಸಿದ ಕಡುಬು, ಇತ್ತು. ಲೆನ್ ನೀಲಿ ಬಣ್ಣದ 'ಉಳಿಯೋಣ' ತಂದಾಗ ಹಿತ್ತಲ ಕಿಟಕಿ ಖಾಲಿ ಇತ್ತು. ಇಬ್ಬರೂ ಹೋಗುವಾಗ, "ನಿನ್ನ ವೋಟು ನಮಗೇ ತಾನೆ?" ಎಂದು ಕೇಳಿದರು. ಇಬ್ಬರಿಗೂ ಹೆಡ್ಲಿ ಮಾತು ಕೊಟ್ಟ.

ಆ ಗುರುವಾರ ಬಂದೇ ಬಂತು. ಬೆಳಗ್ಗೆ ಎಂಟಕ್ಕೆ ಮಿಸೆಸ್ ಕ್ರೇಕ್ ಬಾಗಿಲಲ್ಲಿದ್ದರು.

"ಹತ್ತು ಗಂಟೆಗೆ ಟ್ಯಾಕ್ಸಿ ಹೇಳಿದೀನಿ, ಒಟ್ಟಿಗೆ ಹೋಗೋಣ. ತಗೋ ಈ ಪೆನ್ನು. ಅಲ್ಲಿ ಪೆನ್ಸಿಲ್ ಇಟ್ಟಿರ್ತಾರೆ, ಆಮೇಲೆ ಅಳಿಸ್ತಾರಂತೆ. ಮೋಸ ಹೋಗ್ಬೇಡ."

ಎಂಟೂವರೆಗೆ ಹಿತ್ತಲ ಬಾಗಿಲಲ್ಲಿ ಲೆನ್. "ಹತ್ತಕ್ಕೆ ವ್ಯಾನ್ ತರ್ತೀನಿ ಮಾರಾಯ. ಪೆನ್ನು ತರಬೇಕಂತೆ ಅಂತ ಆ ಕಡೆಯೋರು ಹುಚ್ಚುಹುಚ್ಚಾಗಿ ಹೇಳ್ತಾ ತಿರುಗ್ತಿದಾರೆ. ಪೆನ್ಸಿಲ್‌ನಲ್ಲೇ ಹಾಕು, ನಮ್ಮಪ್ಪನ ಕಾಲದಿಂದ ಹಾಗೇ."

ಹತ್ತಕ್ಕೆ ಇಬ್ಬರೂ ಒಂದೇ ಮೆಟ್ಟಿಲ ಮೇಲೆ ಎದುರುಬದುರಾಗುವುದನ್ನು ನೆನೆದು ಹೆಡ್ಲಿಗೆ ಬೆವರು ಬಂತು. ಒಂದೇ ದಾರಿ ಇತ್ತು: ಈಗಲೇ ಒಬ್ಬನೇ ಜಾರಿಕೊಂಡು ಮತ ಹಾಕಿಬಂದು, 'ಆಗಿಹೋಯ್ತು' ಎಂದುಬಿಡುವುದು. ಹೊರಗೆ ಜಿನುಗು ಮಳೆ. ಕೈಗೆ ಸಿಕ್ಕ ಕೋಟು ತೊಟ್ಟು, ಊರುಗೋಲು ಹಿಡಿದು, ಹಿತ್ತಲ ಓಣಿಯಿಂದ ಹೊರಟ.

ಕೈಗೆ ಸಿಕ್ಕದ್ದು ಆರ್ಥರ್‌ನ ಕೋಟು. ಚಳಿಗಾಲದಲ್ಲಿ ಮಿಸೆಸ್ ಕ್ರೇಕ್ ಕೊಟ್ಟದ್ದು. ಅದರ ಎದೆಗೆ ನಿನ್ನೆ ಅವರೇ ತಟ್ಟೆಯಗಲದ ಕೆಂಪು 'ಹೊರಡೋಣ' ಬಿಲ್ಲೆಯನ್ನು ಬಲೆ ಹೊಲಿಯುವ ದಾರದಲ್ಲಿ ಹೊಲಿದಿದ್ದರು. ಓಣಿಯ ತುದಿಯಲ್ಲಿ ಹಿಂದೆ ಏದುಸಿರಿನ ಸದ್ದು ಕೇಳಿ ತಿರುಗಿದರೆ ಲೆನ್‌ನ ನಾಯಿ ಬೋಸನ್, ಕರಿ ಕಂಬಳಿಯ ಗಂಟಿನಂಥದ್ದು, ಬಾಲ ಅಲ್ಲಾಡಿಸುತ್ತಿತ್ತು. ಅದರ ಕೊರಳಲ್ಲಿ ನೀಲಿ 'ಉಳಿಯೋಣ' ವಸ್ತ್ರ.

"ಹೋಗೋ ಮನೆಗೆ" ಎಂದ ಹೆಡ್ಲಿ. ದಿನಾ ಬಿಸ್ಕತ್ತು ಹಾಕುವವನ ಬಾಯಿಂದ ಬಂದ ಆ ಮಾತನ್ನು ಬೋಸನ್ ನಂಬಲಿಲ್ಲ.

ಬಂದರಿನ ತಿರುವಿನಲ್ಲಿ ಎರಡು ಮೇಜು ಹಾಕಿದ್ದರು, ಒಂದು ಕೆಂಪು, ಒಂದು ನೀಲಿ. ಕೆಂಪು ಮೇಜಿನ ಹೆಂಗಸು ಕೋಟು ನೋಡಿ ಕೈತಟ್ಟಿದಳು. "ನೋಡ್ರೀ, ಮುರಿದ ಕಾಲಲ್ಲೇ ಬಂದಿದಾರೆ. ದೇಶಭಕ್ತಿ ಅಂದ್ರೆ ಇದು."

ನೀಲಿ ಮೇಜಿನ ಗಡ್ಡದವನು ನಾಯಿ ನೋಡಿದ. "ಅವರು ನಮ್ಮೋರು ಕಣಮ್ಮ. ನಾಯಿ ಕೊರಳು ನೋಡು."

"ಮನುಷ್ಯನ ಮೈಮೇಲಿರೋದು ನೋಡಯ್ಯಾ. ನಾಯಿಗೇನು ವೋಟಿದೆಯಾ?"

"ಕೋಟಿಗೂ ಇಲ್ಲ."

ಸುತ್ತ ಜನ ಸೇರಿದರು. ಐಸ್‌ಕ್ರೀಂ ಗಾಡಿಯವನೂ ಗಾಡಿ ಬಿಟ್ಟು ಬಂದ. "ಯಾವ ಕಡೆ ಅಂತ ನೀವೇ ಹೇಳಿಬಿಡಿ ಯಜಮಾನ್ರೇ" ಎಂದ.

"ನನಗೆ ಎರಡೂ ಕಡೆಯೋರು ತುಂಬ ಒಳ್ಳೆಯವರು" ಎಂದ ಹೆಡ್ಲಿ. ಅದು ನಿಜವಾಗಿತ್ತು, ಅದಕ್ಕೇ ಯಾರೂ ನಂಬಲಿಲ್ಲ. ಎರಡು ಮೇಜಿನವರೂ ಒಟ್ಟಾಗಿ ಅವನನ್ನು ಬೈಯಲು ಶುರುಮಾಡಿದಾಗ, ಹೆಡ್ಲಿ ಮುರಿದ ಕಾಲಿಗೆ ಸಾಧ್ಯವಾದಷ್ಟು ವೇಗದಲ್ಲಿ ಅಲ್ಲಿಂದ ಜಾಗ ಖಾಲಿ ಮಾಡಿದ.

ಮತಗಟ್ಟೆ ಇದ್ದದ್ದು ಪ್ರಾರ್ಥನಾ ಮಂದಿರದ ಪಕ್ಕದ ಸಭಾಂಗಣದಲ್ಲಿ. ಬಾಗಿಲಲ್ಲಿ ಅಧಿಕಾರಿಣಿ ಮಿಸ್ ಪಿಮ್, ಒಂದು ಕಾಲದ ಸಂಗೀತದ ಮೇಷ್ಟರಮ್ಮ, ಕೈ ಅಡ್ಡ ಹಿಡಿದರು.

"ಮಿಸ್ಟರ್ ಸಗ್ಡನ್, ಪ್ರಚಾರದ ಬಿಲ್ಲೆ ಒಳಗೆ ಬರಹಾಗಿಲ್ಲ."

"ಹೊಲಿದಿದಾರೆ ಮಿಸ್."

"ಹಾಗಾದ್ರೆ ಕೋಟು ಬಿಚ್ಚಿ. ನಾಯಿಯ ವಸ್ತ್ರಾನೂ ತೆಗೀರಿ."

ಲೆನ್ ಹಾಕಿದ್ದು ಬೆಸ್ತರ ಗಂಟು, ಕತ್ತರಿಸಬಹುದಿತ್ತು, ಬಿಚ್ಚುವಂತಿರಲಿಲ್ಲ. ಹೆಡ್ಲಿ ಪೆನ್ನನ್ನು ಅಂಗಿ ಜೇಬಿಗೆ ಸೇರಿಸಿ, ಕೋಟು ಬಿಚ್ಚಿ, ಅದರ ಒಂದು ತೋಳನ್ನು ನಾಯಿಯ ಕೊರಳಪಟ್ಟಿಗೂ ಇನ್ನೊಂದನ್ನು ಹೊರಗಿನ ಕಬ್ಬಿಣದ ಸರಳಿಗೂ ಕಟ್ಟಿದ. ಅದು ಬೆಸ್ತನದಲ್ಲ, ಬಸ್ಸಿನವನ ಗಂಟು.

ಒಳಗೆ, ಮೂರು ಹಲಗೆಗಳ ಮರೆಯಲ್ಲಿ, ಮತಪತ್ರ ಬಿಡಿಸಿಕೊಂಡು ನಿಂತ. ಎರಡು ಚೌಕ. ಮೇಲಿನದನ್ನು ನೋಡಿದರೆ ಲೆನ್‌ನ ಹೆಗಲು ನೆನಪಾಯಿತು. ಕೆಳಗಿನದನ್ನು ನೋಡಿದರೆ ಪೈಯ ಹಬೆ. ದೇಶ ಉಳಿದರೆ ಏನು, ಹೊರಟರೆ ಏನು ಎಂದು ನಾಲ್ಕು ತಿಂಗಳು ರೇಡಿಯೋ ಕೇಳಿಯೂ ಅವನಿಗೆ ಗೊತ್ತಾಗಿರಲಿಲ್ಲ. ಗೊತ್ತಿದ್ದದ್ದು ಒಂದೇ. ತನ್ನಂಥವನನ್ನು ಇಬ್ಬರು ಬದುಕಿಸಿಕೊಂಡಿದ್ದಾರೆ, ಇಬ್ಬರಿಗೂ ಮಾತು ಕೊಟ್ಟಾಗಿದೆ. ಒಬ್ಬರ ಉಪಕಾರಕ್ಕೆ ಗುರುತು ಹಾಕಿ ಇನ್ನೊಬ್ಬರದನ್ನು ಖಾಲಿ ಬಿಡಲು ಅವನ ಕೈ ಏಳಲಿಲ್ಲ.

"ಮಿಸ್ಟರ್ ಸಗ್ಡನ್," ಮಿಸ್ ಪಿಮ್ ಕೆಮ್ಮಿದರು, "ಇಪ್ಪತ್ತು ನಿಮಿಷ ಆಯ್ತು. ಇರೋದು ಎರಡೇ ಚೌಕ."

"ಅದೇ ತೊಂದರೆ ಮಿಸ್" ಎಂದ ಹೆಡ್ಲಿ. ಮಿಸೆಸ್ ಕ್ರೇಕ್ ಕೊಟ್ಟ ಪೆನ್ನಿನಿಂದ 'ಹೊರಡೋಣ'ಕ್ಕೆ ಒಂದು ಗುರುತು ಹಾಕಿದ. ದಾರಕ್ಕೆ ಕಟ್ಟಿದ್ದ ಪೆನ್ಸಿಲ್ ಎತ್ತಿಕೊಂಡು 'ಉಳಿಯೋಣ'ಕ್ಕೆ ಇನ್ನೊಂದು ಹಾಕಿದ. ಆ ಕಾಗದ ಎಣಿಕೆಗೆ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಮಡಚಿ ಪೆಟ್ಟಿಗೆಗೆ ಹಾಕುವಾಗ ಮಾತ್ರ, ನಾಲ್ಕು ತಿಂಗಳಲ್ಲಿ ಮೊದಲ ಸಲ, ಮನಸ್ಸು ಹಗುರಾಗಿತ್ತು.

ಹೊರಗೆ ಬಂದರೆ ನಾಯಿಯೂ ಇಲ್ಲ, ಕೋಟೂ ಇಲ್ಲ.

ಅಂಗಿಯಲ್ಲೇ ಮಳೆಗೆ ನೆನೆಯುತ್ತ, "ಬೋಸನ್, ಬೋಸನ್" ಎಂದು ಕೂಗುತ್ತ ಬಂದರಿನುದ್ದಕ್ಕೂ ಕುಂಟಿದ. ಒಬ್ಬರ ನಾಯಿ, ಇನ್ನೊಬ್ಬರ ಗಂಡನ ಕೋಟು, ಎರಡನ್ನೂ ಒಂದೇ ಬೆಳಗ್ಗೆ ಕಳೆದವನು ಮನೆಗೆ ಯಾವ ಮುಖ ಹೊತ್ತು ಹೋಗುವುದು. ಮುಕ್ಕಾಲು ಗಂಟೆ ಹುಡುಕಿ ಸೋತು ಕೂತಾಗ, ಲೆನ್‌ನ ವ್ಯಾನು ಕೀರೆಂದು ಬಂದು ನಿಂತಿತು. ಚಾಲಕನ ಜಾಗದಲ್ಲಿ ಲೆನ್. ಪಕ್ಕದಲ್ಲಿ, ಮೀನಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು, ಮಿಸೆಸ್ ಕ್ರೇಕ್. ಹಿಂದಿನಿಂದ ಬೋಸನ್ ಮೂತಿ ಚಾಚಿತ್ತು.

ಮಿಸೆಸ್ ಕ್ರೇಕ್ ಇಳಿದವರೇ ಹೆಡ್ಲಿಯ ಕೆನ್ನೆಗೊಂದು ಬಿಟ್ಟರು. ಆಮೇಲೆ ಅದೇ ಕೆನ್ನೆ ಹಿಡಿದುಕೊಂಡು ಅತ್ತರು.

"ಬದುಕಿದೀಯಲ್ಲಪ್ಪಾ" ಎಂದರು. "ನಾಯಿ ಆರ್ಥರ್‌ನ ಕೋಟು ಎಳ್ಕೊಂಡು ಒಂದೇ ಬಂತು. ಕೋಟಿಂದ ಉಪ್ಪುನೀರು ಸುರೀತಿತ್ತು. ನೀರಿಗೆ ಬಿದ್ದೆ ಅಂದ್ಕೊಂಡ್ವಿ."

"ಬಂದರಿನ ಕಟ್ಟೆ ಮೇಲೆ ನಿಂತು ಇಬ್ಬರೂ ನೀರು ನೋಡಿದ್ವಿ ಕಣೋ. ನಾಯೀನೇ ನೀರಿಗೆ ಹಾರಿರ್ಬೇಕು ಅಂತ ಹೊಳೀಲೇ ಇಲ್ಲ" ಎಂದ ಲೆನ್.

ಇಬ್ಬರೂ ಸೇರಿ ಅವನನ್ನು ವ್ಯಾನಿಗೆ ಹತ್ತಿಸಿದರು. ಮಿಸೆಸ್ ಕ್ರೇಕ್ ತಮ್ಮ ಶಾಲು ಹೊದಿಸಿದರು, ಲೆನ್ ತನ್ನ ಚಹಾದ ಫ್ಲಾಸ್ಕ್ ಕೊಟ್ಟ. ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತರು, ವ್ಯಾನು ಹೊರಟಿತು. ಹೆಡ್ಲಿ ನಡುವೆ ಕೂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದ. ಇಷ್ಟು ಸಿಗುವುದಿದ್ದರೆ ಇನ್ನೊಂದು ಕಾಲನ್ನೂ ಮುರಿದುಕೊಳ್ಳಬಹುದಿತ್ತು ಅನ್ನಿಸಿತು. "ವೋಟು ಆಗಿಹೋಯ್ತು, ಹಾಕಿ ಬಂದೆ" ಎಂದಷ್ಟೇ ಹೇಳಿದ.

"ಎರಡು ತಿಂಗಳಿಂದ ಮಾತು ಬಿಟ್ಟು ನಿನ್ನನ್ನ ಹಗ್ಗದ ಥರ ಜಗ್ಗಿದ್ವಿ" ಎಂದರು ಮಿಸೆಸ್ ಕ್ರೇಕ್. "ಕಟ್ಟೆ ಮೇಲೆ ಲೆನ್ ಹೇಳಿದ, ನನ್ನ ವೋಟು ಅವನ ವೋಟು ಹೆಂಗೂ ಒಂದಕ್ಕೊಂದು ವಜಾ. ಹೆಡ್ಲಿ ಬದುಕಿದ್ರೆ ಸಾಕು, ನಾವಿಬ್ಬರೂ ಹಾಕೋದೇ ಬೇಡ ಅಂತ."

"ಅಂಗೈಗೆ ಉಗುಳ್ಕೊಂಡು ಕೈ ಕುಲುಕಿದೀವಿ" ಎಂದ ಲೆನ್. ಸ್ಕಾರ್ತ್‌ವಿಕ್‌ನಲ್ಲಿ ಹಾಗೆ ಕುಲುಕಿದ ಕೈಯನ್ನು ಹಿಂದಕ್ಕೆ ತೆಗೆದವರಿಲ್ಲ. "ನೀನು ಹಾಕಿದ್ದೇ ಮೂರೂ ಮನೆಯ ವೋಟು. ಯಾವ ಕಡೆ ಆದ್ರೂ ನಾವು ತುಟಿ ಪಿಟಕ್ ಅನ್ನಲ್ಲ. ಈಗ ಹೇಳು ಮಾರಾಯ, ನಮ್ಮ ಮೂವರ ವೋಟು ಎಲ್ಲಿಗೆ ಹೋಯ್ತು?"

ಹೆಡ್ಲಿ ಸುಳ್ಳು ಹೇಳಬಹುದಿತ್ತು. ಅವನಿಗೆ ಅದೂ ಬರುತ್ತಿರಲಿಲ್ಲ.

"ಎರಡಕ್ಕೂ ಹಾಕಿದೆ" ಎಂದ. "ಒಂದು ಪೆನ್ನಲ್ಲಿ, ಒಂದು ಪೆನ್ಸಿಲಲ್ಲಿ."

ವ್ಯಾನು ನಿಂತಿತು. ಹಿಂದೆ ಬೋಸನ್ ಆಕಳಿಸಿತು.

"ಎರಡಕ್ಕೂ?" ಎಂದರು ಮಿಸೆಸ್ ಕ್ರೇಕ್.

"ಅಂದ್ರೆ ಮೂರು ಮನೆ, ಸೊನ್ನೆ ವೋಟು" ಎಂದ ಲೆನ್.

"ಇಬ್ಬರಿಗೂ ಮಾತು ಕೊಟ್ಟಿದ್ನಲ್ಲ. ಇನ್ನೂ ಟೈಮಿದೆ, ನೀವಿಬ್ಬರೂ ಹೋಗಿ ಹಾಕಿ ಬನ್ನಿ."

"ಉಗುಳಿ ಕುಲುಕಿದ ಕೈ ಕಣೋ ಇದು" ಎಂದು ಇಬ್ಬರೂ ಒಟ್ಟಿಗೆ ಗದರಿದರು.

ಮನೆ ತಲುಪುವವರೆಗೂ ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಎತ್ತಿಕೊಂಡು ಬೈದರು. ಹೆಣ್ಣುಮಕ್ಕಳು ಈ ವೋಟಿಗಾಗಿ ಜೈಲಿಗೆ ಹೋಗಿದ್ದರು ಎಂದರು ಮಿಸೆಸ್ ಕ್ರೇಕ್. ನಮ್ಮಪ್ಪ ಜ್ವರದಲ್ಲೂ ಹೋಗಿ ಹಾಕಿದ್ದ ಎಂದ ಲೆನ್. ಹೆಡ್ಲಿಯನ್ನು ಅವನ ಬಾಗಿಲಲ್ಲಿ ಇಳಿಸಿ, "ಒಳಗೆ ಬಾ ಲೆನ್, ತಲೆ ಕೆಟ್ಟುಹೋಯ್ತು, ಚಹಾ ಮಾಡ್ತೀನಿ" ಎಂದು ಮಿಸೆಸ್ ಕ್ರೇಕ್ ಎಡಮನೆಯ ಬಾಗಿಲು ತೆರೆದರು. ನಾಯಿಯೂ ಅವರ ಹಿಂದೆ ಹೋಯಿತು.

ಸಂಜೆ ಆರಾಯಿತು, ಎಡಮನೆಯ ತಟ್ಟೆ ಬರಲಿಲ್ಲ. ಏಳಾಯಿತು, ಬಲಮನೆಯದೂ ಬರಲಿಲ್ಲ. ಹೊರಗೆ ಇನ್ನೂ ಬೆಳಕಿತ್ತು. ಹೆಡ್ಲಿ ಬೇಯಿಸಿದ ಬೀನ್ಸ್ ಕಾಳಿನ ಡಬ್ಬಿ ಒಡೆದು, ತಣ್ಣಗೇ ತಿನ್ನುತ್ತ ಎಡಗೋಡೆಗೆ ಕಿವಿಯಿಟ್ಟ. ಆಚೆ ಚಮಚ, ತಟ್ಟೆಗಳ ಸದ್ದು. ಮೀನಿನ ಪೈಯ ವಾಸನೆ ಇಟ್ಟಿಗೆ ದಾಟಿ ಬರುತ್ತಿತ್ತು.

"ಅವನಿಗೆ ಬುದ್ಧಿ ಅನ್ನೋದೇ ಇಲ್ಲ ಕಣ್ರೀ" ಎನ್ನುತ್ತಿದ್ದ ಲೆನ್.

"ಒಂದು ಕಾಳೂ ಇಲ್ಲ ಕಣಪ್ಪಾ" ಎನ್ನುತ್ತಿದ್ದರು ಮಿಸೆಸ್ ಕ್ರೇಕ್. "ಇನ್ನೊಂಚೂರು ಹಾಕ್ಕೋ. ಅವನ ಪಾಲು ಇದೆಯಲ್ಲ."

ಕಟ್ಟೆಯ ಮೇಲಿನ ಕೈಕುಲುಕು ಬಿಟ್ಟರೆ, ಏಪ್ರಿಲ್‌ನಿಂದ ಈಚೆಗೆ ಅವರಿಬ್ಬರೂ ಒಪ್ಪಿಕೊಂಡ ಮೊದಲ ವಿಷಯ ಅದು. ಹೆಡ್ಲಿಗೆ ಕಣ್ಣು ತುಂಬಿ ಬಂತು. ದೇವರು ದೊಡ್ಡವನು ಅಂದುಕೊಂಡು ಡಬ್ಬಿ ಕೆಳಗಿಟ್ಟು, ಎಡಗೋಡೆಗೆ ಒಂದು ಏಟು ತಟ್ಟಿದ.

ಆಚೆಯಿಂದ ಎರಡು ಏಟು ಬಂದವು, ಒಂದು ಮೆಲ್ಲಗೆ, ಒಂದು ಜೋರಾಗಿ. ಪೈ ಮಾತ್ರ ಬರಲಿಲ್ಲ.